ಹಿತ್ತಲಿನ ಹುಳ ತಿನ್ನೋ ಮನಸ್ಸಿದ್ರೆ ಚಗಳಿಯಿಂದ ಶುರು ಮಾಡಿ

ಮಾರಾಯ್ರೆ, ದುಡ್ಡು ಕೊಟ್ಟು ಪ್ಯಾಕೆಟಲ್ಲಿ ಹುಳ ತರಿಸೋ ಮೊದ್ಲು ಮನೆ ಹಿಂದಿನ ಮಾವಿನ ಮರಾನ ಒಂದ್ಸಲ ತಲೆ ಎತ್ತಿ ನೋಡಿ. ಕೊಂಬೆ ತುದೀಲಿ ಹಸಿರೆಲೆಗಳನ್ನೆಲ್ಲ ಒಟ್ಟು ಸೇರಿಸಿ ಹೊಲಿದಂಗೆ ಒಂದು ಉಂಡೆ ಕೂತಿದ್ರೆ, ಅದರ ಸುತ್ತ ಕೆಂಪಿರುವೆ ಓಡಾಡ್ತಾ ಇದ್ರೆ, ಅದೇ ಚಗಳಿ ಗೂಡು. ಕೆಲವರು ಚಿಗಳಿ ಅಂತಾರೆ, ಘಟ್ಟದ ಆ ಕಡೆಗೆ ಹೋದ್ರೆ ಹೆಸರು ಬೇರೆ, ಇರುವೆ ಅದೇ. ಮಾವು, ಹಲಸು, ಗೇರು, ಕಂಚಿ, ಎಂತ ಮರ ಇದ್ರೂ ಬರತ್ತೆ.

ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಹುಳ ತಿನ್ನೋದು ಅಂದ್ರೆ ಹೊಸ ಫ್ಯಾಷನ್ ಏನಲ್ಲ. ಚಗಳಿ ಚಟ್ನಿ ನಮ್ಮ ದೊಡ್ಡಮ್ಮ ಮಾಡ್ತಿದ್ರು, ಅವರ ಅತ್ತೆ ಮಾಡ್ತಿದ್ರಂತೆ. ಎಲ್ಲಾ ಮನೇಲೂ ತಿಂತಾರೆ ಅಂತಲ್ಲ, ಪಕ್ಕದ ಮನೆಯವರು ಹೆಸರು ಕೇಳಿದ್ರೇ ಮುಖ ಸಿಂಡರಿಸ್ತಾರೆ, ಆಮೇಲೆ ಅವರ ಮನೆ ಹುಡುಗ ಸಂಜೆ ಹಿತ್ಲ ಬಾಗ್ಲಿಂದ ಬಂದು ಕಡುಬಿಗೆ ಹಾಕ್ಕೊಂಡು ತಿಂದು ಹೋಗ್ತಾನೆ. ಒಡಿಶಾದ ಮಯೂರ್‌ಭಂಜ್ ಕಡೆ ಇದೇ ಇರುವೆ ಚಟ್ನಿಗೆ 'ಸಿಮಿಲಿಪಾಲ್ ಕಾಯಿ ಚಟ್ನಿ' (ಅಲ್ಲಿ ಕಾಯಿ ಅಂದ್ರೆ ಈ ಇರುವೇನೇ) ಅಂತ 2024ರ ಜನವರೀಲಿ ಜಿಐ ಟ್ಯಾಗ್, ಅಂದ್ರೆ ಇದು ಆ ಊರಿನ ವಿಶೇಷ ಅನ್ನೋ ಸರ್ಕಾರಿ ಗುರುತು, ಸಿಕ್ತು, ಬಸ್ತರ್ ಕಡೆಯೋರು ಚಾಪ್ಡಾ ಅಂತಾರೆ. ಹಾಗಾಗಿ ನಾಚ್ಕೊಳ್ಳೋ ವಿಷಯ ಏನಿಲ್ಲ.

ಶುರು ಮಾಡೋರಿಗೆ ಚಗಳೀನೇ ಯಾಕೆ ಹೇಳ್ತೀನಿ ಅಂದ್ರೆ, ಗುರುತು ತಪ್ಪೋ ಚಾನ್ಸ್ ಕಡಿಮೆ. ಎಲೆ ಹೊಲಿದು ಮರದ ಮೇಲೆ ಗೂಡು ಕಟ್ಟೋ ಕೆಂಪಿರುವೆ ನಮ್ಮ ಕಡೆ ಇದೊಂದೇ. ಒಂದು ದಿನ ಕೂತು ನೋಡಿ, ಗೂಡು ಕಟ್ಟೋದು ನೋಡೋದೇ ಒಂದು ಮಜಾ. ಒಂದಷ್ಟು ಇರುವೆ ಒಂದರ ಸೊಂಟ ಇನ್ನೊಂದು ಕಚ್ಕೊಂಡು ಸರಪಳಿ ಥರ ನಿಂತು ಎರಡು ಎಲೆ ಅಂಚನ್ನ ಹತ್ರ ಎಳೀತವೆ, ಆಮೇಲೆ ಬೇರೆ ಇರುವೆಗಳು ಬಾಯಲ್ಲಿ ಬಿಳಿ ಮರಿಹುಳ ಕಚ್ಕೊಂಡು ಬಂದು ಈ ಅಂಚಿಗೊಂದ್ಸಲ ಆ ಅಂಚಿಗೊಂದ್ಸಲ ಮುಟ್ಟಿಸ್ತವೆ, ಮಗ್ಗದ ಲಾಳಿ ಆಡಿದಂಗೆ. ನೂಲು ಬಿಡೋದು ಆ ಮರಿ, ದೊಡ್ಡ ಇರುವೆಗೆ ನೂಲು ಬರಲ್ಲ. ಗೂಡು ಬಿಚ್ಚಿದಾಗ ಎಲೆಗೆ ಅಂಟ್ಕೊಂಡಿರೋ ಬಿಳೀ ಬಲೆ ಥರದ್ದು ಅದೇ ನೂಲು.

ತಿನ್ನೋಕೆ ಮುಂಚೆ ಒಂದು ಮಾತು, ಇದನ್ನ ಹಾರಿಸ್ಕೊಂಡು ಹೋಗ್ಬೇಡಿ. ಸೀಗಡಿ, ಏಡಿ ತಿಂದ್ರೆ ಮೈ ತುರಿಸೋದು, ತುಟಿ ಊದೋದು ಆಗೋರು ಯಾವ ಹುಳಾನೂ ಮುಟ್ಬೇಡಿ. ಏಡಿ ಸೀಗಡೀಲಿ ಅಲರ್ಜಿ ಮಾಡೋ ಪ್ರೋಟೀನೇ ಹೆಚ್ಚುಕಮ್ಮಿ ಹುಳದಲ್ಲೂ ಇರತ್ತೆ, ಹುರಿದ್ರೂ ಬೇಯಿಸಿದ್ರೂ ಹೋಗಲ್ಲ. ಧೂಳಿನ ಅಲರ್ಜಿ ಜಾಸ್ತಿ ಇರೋರೂ ಹುಷಾರು. ಬೇರೆಯೋರು ಮೊದಲ ದಿನ ಬೆರಳ ತುದೀಲಿ ನೆಕ್ಕೋವಷ್ಟು ಮಾತ್ರ ತಿಂದು ಒಂದು ದಿನ ಬಿಟ್ಟು ನೋಡಿ. ಉಸಿರು ಕಟ್ಟಿದಂಗೆ ಆಯ್ತು, ಮುಖ ಊದ್ತು ಅಂದ್ರೆ ಮನೆಮದ್ದು ಮಾಡ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆ.

ಇನ್ನೊಂದು, ಔಷಧಿ ಹೊಡೆದ ಮರದ್ದು ಬೇಡ. ಮಳೆಗಾಲದಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೀತೀವಲ್ಲ, ಮೈಲುತುತ್ತ ಸುಣ್ಣದ ಬೋರ್ಡೋ, ಅದು ಅಡಿಕೆ ಕೊನೆಗೆ ಮಾತ್ರ ಬೀಳಲ್ಲ, ಗಾಳಿಗೆ ಪಕ್ಕದ ಹಲಸಿನ ಮರಕ್ಕೂ ಬೀಳತ್ತೆ. ಅದಕ್ಕಿಂತ ಕಷ್ಟ ಅಂದ್ರೆ ಗೇರಿಗೆ ಮಾವಿಗೆ ಹೂ ಬಿಡೋ ಟೈಮಲ್ಲಿ ಹೊಡೆಯೋ ಕೀಟನಾಶಕ. ನಿಮ್ಮ ಮರಕ್ಕೆ ನೀವು ಹೊಡೆದಿಲ್ಲ ಸರಿ, ಬೇಲಿ ಆಚೆಯವರು ಹೊಡೆದಿದಾರಾ ಅಂತ ಕೇಳಿ. ಅಡಿಕೆ ಬುಡದಲ್ಲಿ ಸಿಗೋ ಗೊಣ್ಣೆಹುಳ ನೋಡೋಕೆ ದಪ್ಪಗೆ ಚಂದ ಇರತ್ತೆ, ಹೊರಗಿನ ವಿಡಿಯೋಗಳಲ್ಲಿ ಸುಟ್ಟು ತಿನ್ನೋದೂ ತೋರಿಸ್ತಾರೆ, ಆದ್ರೆ ಬೇರುಹುಳಕ್ಕೆ ಅಂತ ನಾವು ಬುಡಕ್ಕೇ ವಿಷ ಸುರೀತೀವಿ, ಹಾಗಾಗಿ ಅದರ ತಂಟೆಗೆ ಹೋಗ್ಬೇಡಿ.

ಮತ್ತೆ, ಹಿತ್ತಲು ಅಂದ್ರೆ ಹಿತ್ತಲೇ. ದೊಡ್ಡ ಗೂಡು ಸಿಗತ್ತೆ ಅಂತ ಕಾಡಿಗೆ ನುಗ್ಗೋದು ಬೇಡ. ಚಗಳಿ ಚೆನ್ನಾಗಿ ಸಿಗೋದು ಚಳಿ ಕಮ್ಮಿ ಆದಾಗಿಂದ ಮಳೆ ಹಿಡಿಯೋವರೆಗೆ, ನಮ್ಮಲ್ಲಿ ಮಂಗನ ಕಾಯಿಲೆ ಹರಡೋದೂ ಸರಿಯಾಗಿ ಅದೇ ಟೈಮಲ್ಲಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗುರುತು ಸಿಕ್ಕಿದ ಕಾಯಿಲೆ, ಇವತ್ತಿಗೂ ಬಿಟ್ಟು ಹೋಗಿಲ್ಲ. ಉಣುಗು ಕಚ್ಚಿದ್ರೆ ಬರತ್ತೆ, ತರಗೆಲೆ ಮೇಲೆ ಓಡಾಡಿದ್ರೆ ಉಣುಗು ಹತ್ತತ್ತೆ. ಮನೆ ಕಾಡಂಚಲ್ಲೇ ಇದ್ರೆ ಆಶಾ ಕಾರ್ಯಕರ್ತೆಯರು ಕೊಡೋ ಡೇಪಾ ಎಣ್ಣೆ ಕೈಕಾಲಿಗೆ ಹಚ್ಕೊಂಡು ಹೋಗಿ, ವಾಪಸ್ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯೋಕೆ ಹಾಕಿ. ಆದ್ರೆ ಎಣ್ಣೆ ಹಚ್ಚಿದ ಕೈಯಲ್ಲಿ ಚಗಳಿ ಮುಟ್ಬೇಡಿ, ಸೋಪ್ ಹಾಕಿ ತೊಳೆದು ಮುಟ್ಟಿ.

ಈಗ ಗೂಡು ಇಳಿಸೋದು. ತಿನ್ನೋಕೆ ಧೈರ್ಯ ಬೇಕು ಅಂತ ಎಲ್ಲರೂ ಹೇಳ್ತಾರೆ, ನಾನು ಹೇಳೋದು ಧೈರ್ಯ ಬೇಕಾಗಿರೋದು ಇಳಿಸೋಕೆ. ಚಗಳಿ ಸುಮ್ಮನೆ ಕಚ್ಚಲ್ಲ, ಕಚ್ಚಿ ಗಾಯ ಮಾಡಿ, ಹೊಟ್ಟೆ ಮುಂದಕ್ಕೆ ಮಡಚಿ ಆ ಗಾಯಕ್ಕೇ ಆಸಿಡ್ ಹೊಡೆಯತ್ತೆ. ಆ ಆಸಿಡ್ಡೇ ಚಟ್ನಿಯ ಹುಳಿ, ಫಾರ್ಮಿಕ್ ಆಸಿಡ್. ನಾನು ಮೊದಲನೇ ಸಲ ಒಬ್ಬನೇ ಇಳಿಸೋಕೆ ಹೋದಾಗ ಲುಂಗಿ ಎತ್ತಿ ಕಟ್ಕೊಂಡು ಗೂಡಿನ ಸರೀ ಕೆಳಗೆ ನಿಂತು ದೋಟೀಲಿ ಎಳೆದೆ. ಕೊಂಬೆ ಮುರೀಲಿಲ್ಲ, ಗೂಡು ಅರ್ಧ ಹರೀತು, ಮಳೆ ಬಂದಂಗೆ ಬಿದ್ದವು ಮೈಮೇಲೆ, ಇನ್ನೊಂದಷ್ಟು ದೋಟಿ ಹಿಡ್ಕೊಂಡೇ ಇಳಿದು ಬಂದವು. ಲುಂಗಿ ಅಂಗಳದಲ್ಲಿ ಬಿಟ್ಟು ಬಚ್ಚಲಿಗೆ ಓಡಿದ್ದನ್ನ ದೊಡ್ಡಮ್ಮ ನೋಡಿ, 'ಎಂತ ಮಾರಾಯ, ಚಗಳಿ ತಿನ್ನೋಕೆ ಹೋದ್ಯಾ, ತಿನ್ಸೋಕೆ ಹೋದ್ಯಾ' ಅಂತ ಕೇಳಿದ್ರು.

ಆಮೇಲೆ ಅವರೇ ಹೇಳ್ಕೊಟ್ಟಿದ್ದು ಹೀಗೆ. ಬೆಳ್ಳಂಬೆಳಿಗ್ಗೆ, ಬಿಸಿಲು ಏರೋಕೆ ಮುಂಚೆ ಹೋಗ್ಬೇಕು, ತಂಪಲ್ಲಿ ಅವಕ್ಕೆ ಚುರುಕು ಕಮ್ಮಿ, ಹೆಚ್ಚಿನವು ಗೂಡೊಳಗೇ ಇರ್ತವೆ. ಪ್ಯಾಂಟು ಹಾಕಿ ಕಾಲುಚೀಲದೊಳಗೆ ಸೇರಿಸಿ, ತುಂಬುತೋಳಿನ ಅಂಗಿ, ತಲೆಗೆ ಟವೆಲ್. ಕೈಗೆ ಒಲೆ ಬೂದಿ ಉಜ್ಜಿಕೊಂಡ್ರೆ ಹತ್ತೋದು ಕಮ್ಮಿ ಆಗತ್ತೆ. ಕೈಗೆಟುಕೋ ಗೂಡನ್ನೇ ಆರಿಸ್ಕೊಳ್ಳಿ, ಮೊದಲನೇ ಸಲಕ್ಕೆ ಮರ ಹತ್ತೋದು ಬೇಡ. ಇಬ್ಬರು ಇರ್ಬೇಕು. ಒಬ್ಬರು ದಪ್ಪ ಪ್ಲಾಸ್ಟಿಕ್ ಚೀಲದ ಬಾಯಿ ಅಗಲ ಮಾಡಿ ಗೂಡು ಪೂರ್ತಿ ಒಳಗೆ ಬರೋಹಂಗೆ ಕೆಳಗಿಂದ ಮೇಲಕ್ಕೆ ತರ್ಬೇಕು, ಇನ್ನೊಬ್ಬರು ಚೀಲದ ಮೇಲೆ ಒಂದು ಗೇಣು ಬಿಟ್ಟು ಕೊಂಬೇನ ಕತ್ತರಿಸ್ಬೇಕು. ಎಳೆಯೋದಲ್ಲ, ಅಲುಗಾಡಿಸೋದಲ್ಲ, ಒಂದೇ ಏಟಿಗೆ ಕತ್ತರಿಸೋದು. ತಕ್ಷಣ ಬಾಯಿ ಬಿಗಿದು ಕಟ್ಟಿ.

ಹಳೇ ಕಾಲದಲ್ಲಿ ಗೂಡನ್ನ ಬಿಸಿ ಬಾಣಲೆ ಮೇಲೆ ಹಿಡಿದು ಕೊಡವಿ, ಮೇಲಿಂದ ಒಂದು ಹಿಡಿ ಉಪ್ಪು ಹಾಕಿಬಿಡ್ತಿದ್ರು. ಬೇಗ ಆಗತ್ತೆ ನಿಜ, ಆದ್ರೆ ಅಡಿಗೆಮನೆ ತುಂಬಾ ಹರಡಿಕೊಂಡ್ರೆ ಸಂಜೆವರೆಗೂ ಕಷ್ಟ. ನಾನೀಗ ಮಾಡೋದು ಫ್ರೀಜರ್. ಕಟ್ಟಿದ ಚೀಲಾನ ಇನ್ನೊಂದು ಚೀಲದೊಳಗೆ ಹಾಕಿ ಎರಡು ಮೂರು ಗಂಟೆ ಇಟ್ರೆ ಎಲ್ಲ ತಣ್ಣಗಾಗಿ ಸತ್ತಿರ್ತವೆ, ಕರೆಂಟ್ ಇದ್ರೆ ಮಾತ್ರ, ಜೋರು ಗಾಳಿ ದಿನ ಈ ಪ್ಲಾನ್ ಬೇಡ. ಮನೆಯೋರಿಗೂ ಮೊದ್ಲೇ ಹೇಳಿಡಿ. ನಮ್ಮಮ್ಮ ಒಂದ್ಸಲ ಅದನ್ನ ಒಣಸೀಗಡಿ ಅಂದ್ಕೊಂಡು ಬಿಚ್ಚಿಬಿಟ್ಟಿದ್ರು, ಇಟ್ಟು ಅರ್ಧ ಗಂಟೆ ಆಗಿತ್ತಷ್ಟೆ, ಮುಂದಿಂದು ಹೇಳೋದು ಬೇಡ.

ಸತ್ತ ಮೇಲೆ ಗೆರಸಿಗೆ ಸುರಿದು ಎಲೆ, ಕಡ್ಡಿ, ನೂಲು ಆರಿಸಿ ತೆಗೀರಿ. ಕೆಂಪು ಇರುವೆ ಜೊತೆ ಬಿಳೀ ಅಕ್ಕಿಕಾಳಿನ ಥರದ್ದು ಸುಮಾರು ಸಿಗತ್ತೆ, ಅದನ್ನ ಎಲ್ಲರೂ ಮೊಟ್ಟೆ ಅಂತಾರೆ, ಹೆಚ್ಚಿನವು ಮರಿಹುಳ ಮತ್ತು ಅದು ಇರುವೆ ಆಗೋ ಮುಂಚಿನ ಹಂತದ ಪ್ಯೂಪಾ. ಬಿಸಾಕ್ಬೇಡಿ, ಅಸಲಿ ರುಚಿ ಅದರಲ್ಲೇ ಇರೋದು, ಹುಳಿ ಇಲ್ಲ, ಹಾಲುಗಾಯಿ ಥರ ಮೆತ್ತಗೆ. ಕೆಲವು ಹಸಿರು ಬಣ್ಣದ ದೊಡ್ಡ ರಾಣಿನೂ ಸಿಗಬಹುದು. ಒಂದೇ ಸಲ ನೀರಲ್ಲಿ ಬೇಗ ತೊಳೆದು ಸೋಸಿ, ನೆನೆಸಿಟ್ರೆ ಹುಳಿ ಎಲ್ಲ ನೀರಿಗೆ ಹೋಗತ್ತೆ.

ಚಟ್ನಿಗೆ ಒಂದು ಲೋಟ ಚಗಳಿ, ಅರ್ಧ ಕಡಿ ಕಾಯಿತುರಿ, ಏಳೆಂಟು ಸೂಜಿಮೆಣಸು, ಐದಾರು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಈರುಳ್ಳಿ, ನಾಲ್ಕು ಕಾಳುಮೆಣಸು, ಉಪ್ಪು. ಹುಣಸೆ ಬೇಡ, ವಾಟೆಹುಳಿ ಬೇಡ, ಲಿಂಬೆನೂ ಬೇಡ, ಹುಳಿ ಇರುವೆಯಲ್ಲೇ ಇದೆ. ಬಾಣಲೆ ಕಾದ ಮೇಲೆ ಉರಿ ಸಣ್ಣ ಮಾಡಿ ಎಣ್ಣೆ ಇಲ್ಲದೆ ಚಗಳಿ ಹಾಕಿ ಕೈಯಾಡಿಸ್ತಾ ಇರಿ. ನೀರು ಆರಿ, ಬಣ್ಣ ಸ್ವಲ್ಪ ಕಪ್ಪಿಗೆ ತಿರುಗಿ, ಚಟಪಟ ಅನ್ನೋಕೆ ಶುರು ಆದಾಗ ಇಳಿಸಿ. ಆಗ ಮೂಗಿಗೆ ಚುರ್ ಅನ್ನೋ ಘಾಟು ಬರತ್ತೆ, ಬಾಣಲೆ ಮೇಲೆ ಮುಖ ಬಗ್ಗಿಸ್ಬೇಡಿ, ಕಿಟಕಿ ತೆಗೆದಿಡಿ. ಈ ಘಾಟೇ ಆಸಿಡ್ ಹಾರಿ ಹೋಗ್ತಿರೋದು, ಹಾಗಾಗಿ ಜಾಸ್ತಿ ಹುರಿದ್ರೆ ಗರಿಗರಿ ಬರತ್ತೆ ಆದ್ರೆ ಹುಳಿ ಸತ್ತೋಗತ್ತೆ, ಹೊಸಬರು ಮಾಡೋ ತಪ್ಪು ಇದೊಂದೇ. ಹಸೀದೇ ಬಾಯಿಗೆ ಹಾಕ್ಕೊಳ್ಳೋರೂ ಇದಾರೆ, ನಾನು ಬೇಡ ಅಂತೀನಿ.

ಮೆಣಸು, ಬೆಳ್ಳುಳ್ಳಿ, ಉಪ್ಪು ಮೊದ್ಲು ಒರಳಲ್ಲಿ ಜಜ್ಜಿ, ಆಮೇಲೆ ಕಾಯಿ ಈರುಳ್ಳಿ, ಕೊನೆಗೆ ಚಗಳಿ. ಮಿಕ್ಸಿ ಆದ್ರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ನೀರು ಒಂದೆರಡು ಚಮಚ ಸಾಕು, ನುಣ್ಣಗೆ ಮಾಡ್ಬೇಡಿ. ಬಿಸಿ ಕಡುಬು, ಇಲ್ಲಾಂದ್ರೆ ಅಕ್ಕಿರೊಟ್ಟಿ, ಮಳೆ ಇದ್ರೆ ಗಂಜಿ. ಮೊದ್ಲು ನಾಲಿಗೆ ತುದೀಗೆ ಲಿಂಬೆ ಸಿಪ್ಪೆ ಕಚ್ಚಿದಂಗೆ ಹುಳಿ, ಹಿಂದೇನೇ ಸೂಜಿಮೆಣಸಿನ ಖಾರ, ಆಮೇಲೆ ಕಾಯಿ. ಕೆಮ್ಮಿಗೆ ಒಳ್ಳೇದು, ಕಣ್ಣಿಗೆ ಒಳ್ಳೇದು ಅಂತೆಲ್ಲ ಜನ ಹೇಳ್ತಾರೆ, ನಾನು ಔಷಧಿ ಅಂತ ತಿನ್ನಲ್ಲ, ಚಟ್ನಿ ಅಂತ ತಿಂತೀನಿ.

ಒಂದು ಮರದಲ್ಲಿ ನಾಲ್ಕು ಗೂಡಿದ್ರೆ ಒಂದು ತೆಗೀರಿ. ಗೇರಿಗೆ ಕಾಟ ಕೊಡೋ, ಟೀ ಸೊಳ್ಳೆ ಅಂತ ಕರೆಯೋ ರಸ ಹೀರೋ ತಿಗಣೆನ ಹಿಡಿದು ತಿನ್ನೋದೇ ಈ ಚಗಳಿ, ಇದನ್ನ ಪೂರ್ತಿ ಬರಿದು ಮಾಡಿ ಆಮೇಲೆ ಅಂಗಡೀಲಿ ಔಷಧಿ ಹುಡುಕೋದು ಬುದ್ಧಿವಂತಿಕೆ ಅಲ್ಲ. ಚೀನಾದಲ್ಲಿ ಕಿತ್ತಳೆ ತೋಟಕ್ಕೆ ಬಿಡೋಕೆ ಅಂತ 1700 ವರ್ಷದ ಹಿಂದೆನೇ ಇದರ ಗೂಡು ಮಾರ್ತಿದ್ರು.

ಬೇರೆ ಹುಳ ಅಂದ್ರೆ ಗದ್ದೆ ಮಿಡತೆ ಉಂಟು. ಕುದಿಯೋ ನೀರಲ್ಲಿ ಐದು ನಿಮಿಷ ಬೇಯಿಸಿ, ತಲೆ ಎಳೆದ್ರೆ ಕರುಳೂ ಜೊತೆಗೆ ಬರತ್ತೆ, ರೆಕ್ಕೆ ಕಾಲು ಕಿತ್ತು ಹುರೀರಿ, ಕಾಲಿನ ಮುಳ್ಳು ಗಂಟಲಿಗೆ ಸಿಗತ್ತೆ. ನಂಗೆ ಅಷ್ಟೇನೂ ಇಷ್ಟ ಆಗ್ಲಿಲ್ಲ. ಎಕ್ಕದ ಗಿಡದ ಮೇಲೆ ಹಳದಿ ನೀಲಿ ಪಟ್ಟೆಪಟ್ಟೆ ಮಿಡತೆ ಕೂತಿರತ್ತಲ್ಲ, ಅದು ಎಕ್ಕದ ವಿಷಾನೇ ತಿಂದು ಮೈಯಲ್ಲಿಟ್ಕೊಂಡಿರತ್ತೆ, ಮುಟ್ಬೇಡಿ. ಬೆಂಡೆ, ದಾಸವಾಳದ ಹೂ ತಿನ್ನೋ ಕಪ್ಪು ಕಿತ್ತಳೆ ಪಟ್ಟಿಯ ದುಂಬಿ ಇನ್ನೂ ಡೇಂಜರ್, ಅದರ ರಸ ತಾಗಿದ್ರೆ ಬೊಬ್ಬೆ ಏಳತ್ತೆ, ಹುರಿದ್ರೂ ವಿಷ ಹೋಗಲ್ಲ. ಕಂಬಳಿಹುಳದ ಬಗ್ಗೆ ಹೇಳೋದೇ ಬೇಡ. ಬಣ್ಣ ಜೋರು, ಕೂದಲು, ನಾತ, ಈ ಮೂರರಲ್ಲಿ ಒಂದಿದ್ರೂ ಬಿಟ್ಟುಬಿಡಿ, ಹೆಸರು ಗೊತ್ತಿಲ್ಲದ ಹುಳ ಅಂತೂ ಬೇಡ್ವೇ ಬೇಡ.

ಚಗಳಿ ಕಚ್ಚಿಸ್ಕೊಳ್ಳೋಕೆ ಆಗಲ್ಲ ಅನ್ನೋರಿಗೆ ಮಳೆಹುಳ ಬೆಸ್ಟು, ಬಯಲುಸೀಮೆ ಕಡೆ ಈಸಲು ಅಂತಾರೆ, ಗೆದ್ದಲಿಗೆ ರೆಕ್ಕೆ ಬಂದಿದ್ದು. ಮೊದಲ ಮಳೆ ಬಿದ್ದು ಸಂಜೆ ಬಿಟ್ಟಾಗ ಹುತ್ತದಿಂದ ಎದ್ದು ದೀಪಕ್ಕೆ ಬರ್ತವೆ. ಹುತ್ತಕ್ಕೆ ಕೈ ಹಾಕೋ ಕೆಲಸ ಬೇಡ, ಒಳಗೆ ಯಾರಿದಾರೆ ಅಂತ ಗೊತ್ತಿರಲ್ಲ. ಜಗಲಿ ಬಲ್ಬ್ ಕೆಳಗೆ ಅಗಲ ಬೋಗುಣೀಲಿ ನೀರಿಟ್ಟು ಮನೆ ಒಳಗಿನ ಲೈಟೆಲ್ಲ ಆರಿಸಿ, ಅರ್ಧ ಗಂಟೇಲಿ ಬೋಗುಣಿ ತುಂಬತ್ತೆ. ಸೋಸಿ, ಬಾಣಲೇಲಿ ಎಣ್ಣೆ ಹಾಕದೆ ಹುರಿದ್ರೆ ರೆಕ್ಕೆ ತಾನೇ ಬಿಡತ್ತೆ, ಅದರಲ್ಲೇ ಕೊಬ್ಬು ಬೇಕಾದಷ್ಟಿದೆ. ಆರಿದ ಮೇಲೆ ಗೆರಸೀಲಿ ಕೇರಿ ರೆಕ್ಕೆ ಹಾರಿಸಿ, ಉಪ್ಪು, ಖಾರದಪುಡಿ ಹಾಕಿ ಮತ್ತೊಂದ್ಸಲ ಬಿಸಿ ಮಾಡಿ ಮಂಡಕ್ಕಿ ಜೊತೆ ಕಲಸಿ. ಕೇರೋದು ಮಾತ್ರ ಅಂಗಳದಲ್ಲಿ, ಗಾಳಿಗೆ ಬೆನ್ನು ಹಾಕಿ ನಿಂತು. ಬೋಗುಣಿ ತುಂಬಿದ ತಕ್ಷಣ ಬಲ್ಬ್ ಆರಿಸಿ, ಮರೆತು ಮಲಗಿದ್ರೆ ಬೆಳಿಗ್ಗೆ ಜಗಲಿ ತುಂಬಾ ಇರೋ ರೆಕ್ಕೆ ಗುಡಿಸೋದು ನೀವೇ.