ಮೊದಲು ಎಣ್ಣೆ, ಆಮೇಲೆ ಎಳೆತ: ಬಿಡದ ನೋವಿಗೆ ಮನೆಯಲ್ಲೇ ಇಬ್ಬರು ಸೇರಿ

ಮುಂಬೈ ಹೊರವಲಯದ ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಫಾಸ್ಟ್ ಲೋಕಲ್ ಟ್ರೇನು, ಹದಿನೆಂಟು ವರ್ಷ. ಎಡಗೈ ಮೇಲಿನ ಹಿಡಿಕೆಯಲ್ಲಿ, ಬಲಹೆಗಲಲ್ಲಿ ಬ್ಯಾಗು, ಬ್ಯಾಗಿನೊಳಗೆ ಲ್ಯಾಪ್‌ಟಾಪು, ಡಬ್ಬಿ, ಛತ್ರಿ, ವಾಪಸ್ ಬರುವಾಗ ಒಂದು ಕಿಲೋ ಈರುಳ್ಳಿ ಕೂಡ. ಕತ್ತು ಹೆಗಲು ಸೇರುವ ಜಾಗದಲ್ಲಿ ಒಂದು ನೋವು ಬಂದು ಕೂತಿತು. ಎರಡು ವರ್ಷ ಏಳಲೇ ಇಲ್ಲ. ನಮ್ಮನೆಯವರದ್ದು ಬೇರೆ ಕತೆ. ಮಾಟುಂಗಾದ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ದಿನಕ್ಕೆ ಹತ್ತು ಗಂಟೆ ನಿಂತು ನಿಂತು ಅವರ ಮೀನಖಂಡ, ತೊಡೆ ಹಿಂಭಾಗ ಎರಡೂ ಹಲಗೆ ಆಗಿದ್ದವು.

ಮಾಲೀಸು ಮಾಡಿಸಿದಾಗ ಹಾಯ್ ಎನಿಸುತ್ತಿತ್ತು, ಮರುದಿನ ಟ್ರೇನು ಥಾಣೆ ದಾಟುವಷ್ಟರಲ್ಲಿ ನೋವು ಮತ್ತೆ ಸೀಟು ಹಿಡಿದಿರುತ್ತಿತ್ತು. ಬರೀ ಸ್ಟ್ರೆಚ್ ಮಾಡಿದರೆ ಕತ್ತು ಇನ್ನೂ ಬಿಗಿಯಾಗುತ್ತಿತ್ತು. ಕೊನೆಗೆ ಒಬ್ಬರು ಫಿಸಿಯೋ ಹೇಳಿಕೊಟ್ಟಿದ್ದು ಇಷ್ಟೇ: ಎರಡನ್ನೂ ಒಂದೇ ಕೂತಲ್ಲಿ ಮಾಡಿ, ತಿಕ್ಕಿದ ಬಿಸಿ ಆರುವ ಮುಂಚೆ ಎಳೆಯಿರಿ, ಎಳೆಯುವಾಗ ಇನ್ನೊಬ್ಬರ ಕೈ ಇರಲಿ.

ಯಾಕೆ ಹೀಗೆ? ನಾವು ಗಂಟು ಗಂಟು ಅಂತೀವಲ್ಲ, ಅದು ಹಗ್ಗದ ಗಂಟಲ್ಲ, ಹೆಬ್ಬೆರಳಿಂದ ಒಡೆದು ಹಾಕುವುದಕ್ಕೆ. ತುಂಬಾ ದಿನ ನೋವು ತಿಂದ ಜಾಗವನ್ನು ದೇಹ ಕಾವಲು ಕಾಯುತ್ತದೆ, ಸ್ವಲ್ಪ ಎಳೆದರೂ ನರಗಳು ಬೊಬ್ಬೆ ಹೊಡೆಯುತ್ತವೆ. ಬೆಚ್ಚಗಿನ ಕೈ ನಿಧಾನಕ್ಕೆ ನೀವಿದಾಗ ಆ ಕಾವಲು ಕೊಂಚ ಸಡಿಲವಾಗುತ್ತದೆ. ಆ ಹೊತ್ತಿನಲ್ಲಿ ಎಳೆದರೆ ದೇಹ ಒಪ್ಪಿಕೊಳ್ಳುತ್ತದೆ. ನಾಲ್ಕು ದಿನದಲ್ಲಿ ಸ್ನಾಯು ಉದ್ದ ಆಗಿಬಿಡುತ್ತದೆ ಅಂದುಕೊಳ್ಳಬೇಡಿ. ಮೊದಮೊದಲು ಹೆಚ್ಚುವುದು ಎಳೆತವನ್ನು ತಾಳಿಕೊಳ್ಳುವ ಶಕ್ತಿ.

ಶುರು ಮಾಡುವ ಮುಂಚೆ ಒಂದು ಮಾತು, ಇದನ್ನು ಹಾರಿಸಿ ಓದಬೇಡಿ. ಒಂದೇ ಕಾಲಿನ ಮೀನಖಂಡ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ಅದನ್ನು ಮುಟ್ಟಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಕಾಲಲ್ಲಿ ಬಲ ಹೋದರೆ ಸೀದಾ ಆಸ್ಪತ್ರೆಗೆ. ಜ್ವರ, ಸುಮ್ನೆ ತೂಕ ಇಳಿಯುವುದು, ಬಿದ್ದ ಮೇಲೆ ಶುರುವಾದ ನೋವು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೂ ಮೊದಲು ತೋರಿಸಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಮೂಳೆ ಸವೆದವರು, ಗರ್ಭಿಣಿಯರು ಕೇಳಿಯೇ ಮಾಡಬೇಕು. ಮುಂಬೈಯಲ್ಲಿ ದುಡ್ಡಿನ ಚಿಂತೆ ಇದ್ದರೆ ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲೂ ಫಿಸಿಯೋಥೆರಪಿ ವಿಭಾಗ ಇದೆ. ಸಾಲು ಉದ್ದ, ಅದು ಬೇರೆ ಮಾತು.

ಇನ್ನು ಎಣ್ಣೆ. ನಮ್ಮಲ್ಲಿ ತೆಂಗಿನೆಣ್ಣೆ, ನಿಮ್ಮಲ್ಲಿ ಎಳ್ಳೆಣ್ಣೆ ಇರಬಹುದು, ಯಾವುದಾದರೂ ಆಗುತ್ತದೆ, ಕೆಲಸ ಮಾಡುವುದು ಕೈ. ಎಣ್ಣೆ ಬಟ್ಟಲನ್ನು ಬಿಸಿನೀರಿನಲ್ಲಿ ಇಡಿ, ಒಲೆ ಮೇಲೆ ಬೇಡ. ಮೊದಲ ಎರಡು ನಿಮಿಷ ಪೂರ್ತಿ ಅಂಗೈಯಿಂದ ಉದ್ದಕ್ಕೆ ನೀವಿ. ಕಾಲಾದರೆ ಹಿಮ್ಮಡಿಯಿಂದ ಮೇಲಕ್ಕೆ, ಕತ್ತಾದರೆ ತಲೆಬುಡದಿಂದ ಹೆಗಲಿನ ತುದಿಗೆ. ಆಮೇಲೆ ಮುಟ್ಟಿದರೆ "ಹಾಂ, ಅಲ್ಲೇ" ಅನ್ನುವ ಜಾಗ ಸಿಗುತ್ತದೆ. ಅಲ್ಲಿ ಹೆಬ್ಬೆರಳಿನ ಮೆತ್ತನೆ ಭಾಗ ಇಟ್ಟು ಅರ್ಧ ನಿಮಿಷ ಸುಮ್ಮನೆ ಒತ್ತಿ ಹಿಡಿಯಿರಿ, ಉಜ್ಜಬೇಡಿ. ನೋವು ಹತ್ತಕ್ಕೆ ನಾಲ್ಕು ದಾಟಬಾರದು. ಉಸಿರು ಬಿಗಿ ಹಿಡಿದರೆ ಜಾಸ್ತಿ ಒತ್ತುತ್ತಿದ್ದೀರಿ ಅಂತಲೇ ಅರ್ಥ. ಬೆನ್ನುಮೂಳೆ ಮೇಲೆ, ಕತ್ತಿನ ಮುಂಭಾಗದಲ್ಲಿ, ಮೊಣಕಾಲಿನ ಹಿಂದಿನ ಗುಳಿಯಲ್ಲಿ ಒತ್ತಲೇಬೇಡಿ. ಒಂದು ಜಾಗಕ್ಕೆ ಐದರಿಂದ ಏಳು ನಿಮಿಷ ಸಾಕು.

ಈಗ ಒಂದು ಸಣ್ಣ ಕೆಲಸ, ನಾವು ಮೊದಲ ಸಲ ಮರೆತದ್ದು: ಎಣ್ಣೆ ಒರೆಸಿ. ಹಳೇ ಲುಂಗಿ ಸಾಕು. ಎಣ್ಣೆಕೈಯಲ್ಲಿ ಇವರ ಕಾಲು ಎತ್ತಿ ಹಿಡಿದಿದ್ದೆ, ಜಾರಿ ಹಿಮ್ಮಡಿ ನನ್ನ ಮೂಗಿಗೆ ಬಂತು.

ಕತ್ತಿನದ್ದು ಹೀಗೆ. ನೋವು ಬಲಗಡೆ ಅಂದುಕೊಳ್ಳಿ. ಕುರ್ಚಿಯಲ್ಲಿ ಕೂತು ಬಲಗೈಯಿಂದ ಕುರ್ಚಿಯ ಅಂಚು ಹಿಡಿಯಿರಿ. ಮುಖವನ್ನು ಅರ್ಧ ಎಡಕ್ಕೆ ತಿರುಗಿಸಿ ಎಡ ಕಂಕುಳನ್ನು ನೋಡುವ ಹಾಗೆ ತಲೆ ಬಗ್ಗಿಸಿ. ಹಿಂದೆ ನಿಂತವರು ಒಂದು ಅಂಗೈ ಬಲಹೆಗಲ ಮೇಲೆ, ಇನ್ನೊಂದು ತಲೆ ಹಿಂದೆ ಇಡಬೇಕು, ಇಡಬೇಕು ಅಷ್ಟೇ, ತಳ್ಳಬಾರದು. ಎಳೆತ ಗೊತ್ತಾದ ಕೂಡಲೇ ನಿಲ್ಲಿ. ಈಗ ಕೂತವರು ತಲೆಯನ್ನು ಆ ಅಂಗೈಗೆ ಮೆಲ್ಲಗೆ ಒತ್ತಬೇಕು, ಇರುವ ಬಲದಲ್ಲಿ ಐದನೇ ಒಂದು ಪಾಲು, ಐದಾರು ಎಣಿಸುವಷ್ಟು ಹೊತ್ತು. ತಲೆ ಅಲ್ಲಾಡಬಾರದು. ಬಿಟ್ಟು, ಉಸಿರು ಹೊರಗೆ ಹಾಕಿ. ಆಗ ತಲೆ ತಾನೇ ಒಂದು ಬೆರಳಿನಷ್ಟು ಕೆಳಗಿಳಿಯುತ್ತದೆ. ಅಲ್ಲಿ ಇಪ್ಪತ್ತು ಮೂವತ್ತು ಸೆಕೆಂಡು. ಹೀಗೆ ಮೂರು ಸಲ. ಮೊದಲ ಸಲ ಇವರು "ಸಾಕಾ?" ಅಂತ ಕೇಳಿದಾಗ ನನಗೆ ಉತ್ತರ ಕೊಡಲು ಮನಸ್ಸೇ ಬರಲಿಲ್ಲ, ಅಷ್ಟು ಹಿತ.

ಈ ಒತ್ತಿ-ಬಿಟ್ಟು-ಎಳೆಯುವ ಉಪಾಯ ಹೊಸದೇನಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಹರ್ಮನ್ ಕಬಾಟ್ ಎಂಬ ವೈದ್ಯರು ಪೋಲಿಯೋದಂಥ ಕಾಯಿಲೆಯಿಂದ ಕೈಕಾಲು ಸೋತವರಿಗಾಗಿ ಶುರು ಮಾಡಿದ ಪದ್ಧತಿಯಿಂದ ಬಂದದ್ದು. ಫಿಸಿಯೋಗಳು ಪಿಎನ್‌ಎಫ್ ಅಂತ ಕರೆಯುತ್ತಾರೆ.

ಕಾಲಿಗೆ ಚಾಪೆ ಹಾಸಿ ಅಂಗಾತ ಮಲಗಿಸಿ. ಸೊಂಟನೋವು ಇದ್ದವರು ಇನ್ನೊಂದು ಕಾಲನ್ನು ಮಡಿಸಿಕೊಳ್ಳಲಿ. ಎಳೆಯುವ ಕಾಲನ್ನು ಮೊಣಕಾಲು ಸ್ವಲ್ಪ ಬಾಗಿದ ಹಾಗೆಯೇ ಎತ್ತಿ, ಹಿಮ್ಮಡಿಯನ್ನು ನಿಮ್ಮ ಹೆಗಲಿಗೆ ಒರಗಿಸಿ. ಅವರು ಹಿಮ್ಮಡಿಯಿಂದ ನಿಮ್ಮ ಹೆಗಲನ್ನು ಕೆಳಗೆ ಒತ್ತಲಿ, ಐದಾರು ಎಣಿಸಿ, ಬಿಡಲಿ, ಆಮೇಲೆ ನೀವು ಒಂದಿಷ್ಟು ಮುಂದೆ ಬಾಗಿ. ಪಾದದಲ್ಲಿ ಜುಮುಜುಮು ಅಥವಾ ಕರೆಂಟು ಹೊಡೆದ ಹಾಗೆ ಆದರೆ ನರ ಎಳೆಯುತ್ತಿದೆ, ಕಾಲು ಇಳಿಸಿ. ಮೀನಖಂಡಕ್ಕೆ ಕಾಲನ್ನು ಚಾಪೆ ಮೇಲೇ ನೇರ ಇಟ್ಟು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ನಿಮ್ಮ ಮುಂಗೈಯಿಂದ ಪಾದವನ್ನು ಅವರ ಮುಖದ ಕಡೆ ಬಗ್ಗಿಸಿದರೆ ಆಯಿತು.

ಇದರಲ್ಲಿ ಯಜಮಾನಿಕೆ ನೋವಿರುವವರದ್ದು. ಎಳೆಯುವವರು "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಅನ್ನಲೇಬಾರದು. "ಸಾಕು" ಅಂದರೆ ಸಾಕು. ನಾನು ಒಮ್ಮೆ ಒಂದು ಮಸಾಜ್ ಸೆಂಟರಿನಲ್ಲಿ "ಈಗ ಗಂಟು ಬಿಡುತ್ತೆ ನೋಡಿ" ಅಂತ ಕತ್ತನ್ನು ಟಕ್ಕಂತ ತಿರುಗಿಸಿಕೊಂಡು ಮೂರು ದಿನ ಪಕ್ಕಕ್ಕೆ ನೋಡಲಾಗದೆ, ಪ್ಲಾಟ್‌ಫಾರ್ಮಿನಲ್ಲಿ ಇಡೀ ಮೈ ತಿರುಗಿಸಿ ಟ್ರೇನು ನೋಡಿದವಳು. ಮನೆಯಲ್ಲಿ ಯಾರೂ ಯಾರ ಕತ್ತನ್ನೂ ಝಟ್ಟನೆ ತಿರುಗಿಸಬೇಡಿ.

ವಾರಕ್ಕೆ ಎರಡು ಮೂರು ಸಲ ಸಾಕು. ನಮ್ಮದು ಬುಧವಾರ ರಾತ್ರಿ ಮತ್ತು ಭಾನುವಾರ. ಭಾನುವಾರ ಹೇಗೂ ಮೆಗಾಬ್ಲಾಕು, ಹಳಿ ರಿಪೇರಿಗೆ ಅಂತ ಲೋಕಲ್ ನಿಲ್ಲಿಸಿರುತ್ತಾರೆ, ಎಲ್ಲಿಗೂ ಹೋಗುವ ಹಾಗಿಲ್ಲ. ಮುಗಿದ ಮೇಲೆ ಬಿದ್ದುಕೊಳ್ಳಬೇಡಿ, ಹತ್ತು ನಿಮಿಷ ಬಿಲ್ಡಿಂಗ್ ಕೆಳಗೆ ಓಡಾಡಿ. ಉಳಿದ ದಿನ ಹೆಗಲು ತಿರುಗಿಸುವುದು, ಹಿಮ್ಮಡಿ ಎತ್ತಿ ಇಳಿಸುವುದು ಇಂಥ ಸಣ್ಣ ವ್ಯಾಯಾಮ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಬಹುದಿನದ ಸೊಂಟನೋವಿಗೆ ಹೇಳಿದ ಸಲಹೆಗಳಲ್ಲೂ ಮಸಾಜ್ ಇದೆ, ವ್ಯಾಯಾಮವೂ ಇದೆ. ಮರುದಿನ ಸ್ವಲ್ಪ ಮೈಕೈ ನೋವು ಸಹಜ, ಎರಡು ದಿನ ದಾಟಿದರೆ ಮುಂದಿನ ಸಲ ಅರ್ಧ ಬಲ ಹಾಕಿ. ಆರು ವಾರ ಮಾಡಿಯೂ ಏನೂ ಬದಲಾಗದಿದ್ದರೆ ಫಿಸಿಯೋಗೆ ತೋರಿಸಿ.

ನನಗೆ ಐದನೇ ವಾರದಲ್ಲಿ ಗೊತ್ತಾಯಿತು, ಕಲ್ಯಾಣ್ ಕಡೆಯಿಂದ ಟ್ರೇನು ಬರುತ್ತಿದೆಯಾ ಅಂತ ಕತ್ತು ಮಾತ್ರ ತಿರುಗಿಸಿ ನೋಡಿದ್ದೆ. ಈರುಳ್ಳಿಯನ್ನು ಈಗ ಮನೆ ಹತ್ತಿರವೇ ತಗೊಳ್ಳುತ್ತೇನೆ, ಕಿಲೋಗೆ ಐದು ರೂಪಾಯಿ ಜಾಸ್ತಿ.