ಏರು, ಇಳಿಜಾರು, ಮಳೆ: ಫಿಕ್ಸೆಡ್ ಗೇರ್ ಸೈಕಲ್ ಓಡಿಸುವುದು ಹೇಗೆ?

ಫಿಕ್ಸೆಡ್ ಗೇರ್ ಸೈಕಲ್‌ಗೆ ಫ್ರೀವೀಲ್ ಇರುವುದಿಲ್ಲ. ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ತುಳಿಯುವುದು ನಿಲ್ಲಿಸಿ ಸುಮ್ನೆ ಕೂತು ಹೋಗುವ ಹಾಗಿಲ್ಲ. ಸಮತಟ್ಟು ರಸ್ತೆಯಲ್ಲಿ ಇದು ಬೇಗ ಕಾಲಿಗೆ ಒಗ್ಗುತ್ತದೆ. ಗುಡ್ಡದ ರಸ್ತೆಗೆ ಹೋಗುವವರು ಮಾತ್ರ ಸಾಮಾನ್ಯವಾಗಿ ಏರಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಆಚೆ ಬದಿಯ ಇಳಿಜಾರನ್ನು ಮರೆತೇಬಿಡುತ್ತಾರೆ. ಏರಿನಲ್ಲಿ ಸುಸ್ತಾದರೆ ಇಳಿದು ತಳ್ಳಬಹುದು. ಇಳಿಜಾರಿನ ಮಧ್ಯದಲ್ಲಿ ಕಾಲು ಸೋತರೆ ಏನು ಮಾಡುತ್ತೀರಿ? ಬಿದ್ದವರನ್ನು ನೋಡಿದ್ದೇನೆ, ಎಲ್ಲರೂ ಇಳಿಯುವಾಗಲೇ ಬಿದ್ದವರು. ಆದ್ದರಿಂದ ಈ ಲೇಖನದಲ್ಲಿ ಇಳಿಜಾರಿಗೇ ಜಾಸ್ತಿ ಜಾಗ.

ಹಂತ 1: ಮುಂದಿನ ಬ್ರೇಕ್

ಹಾಕಿಸಿ. ಇದರಲ್ಲಿ ಚರ್ಚೆ ಬೇಡ. ‘ಕಾಲೇ ಬ್ರೇಕ್’ ಎಂದು ಹೇಳಿಕೊಂಡು ತಿರುಗುವವರು ಇದ್ದಾರೆ. ವೇಗ ತಗ್ಗಿಸುವಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರಾಗುತ್ತದೆ. ಕಾಲಿನಿಂದ ನೀವು ತಡೆಯುವುದು ಆ ಹಗುರಾದ ಚಕ್ರವನ್ನು. ಪಂದ್ಯದ ಟ್ರ್ಯಾಕ್‌ನಲ್ಲಿ ಬ್ರೇಕ್ ಇಲ್ಲದೆ ಓಡಿಸುತ್ತಾರೆ ನಿಜ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಎದುರಿಗೆ ಲಾರಿ ಬರುವುದಿಲ್ಲ.

ಇನ್ನೊಂದು ಮಾತು. ಪಕ್ಕಗಳಿಗೂ ಬಣ್ಣ ಬಳಿದ ಚಂದದ ರಿಮ್‌ಗಳು ಸಿಗುತ್ತವೆ. ರಿಮ್ ಬ್ರೇಕ್‌ಗೆ ಅವು ಪ್ರಯೋಜನವಿಲ್ಲ. ಒಣ ಹವೆಯಲ್ಲೇ ಸರಿಯಾಗಿ ಹಿಡಿಯುವುದಿಲ್ಲ, ಒದ್ದೆಯಾದರೆ ಕೇಳುವುದೇ ಬೇಡ. ಬ್ರೇಕ್ ರಬ್ಬರ್ ತಾಗುವ ಕಡೆ ಬರೀ ಅಲ್ಯೂಮಿನಿಯಂ ಇರುವ ರಿಮ್ಮನ್ನೇ ಕೊಳ್ಳಿ.

ಹಂತ 2: ಹಲ್ಲಿನ ಲೆಕ್ಕ

ಗೇರ್ ಒಂದೇ. ಹಾಗಾಗಿ ಮುಂದೆ ಎಷ್ಟು ಹಲ್ಲು, ಹಿಂದೆ ಎಷ್ಟು ಹಲ್ಲು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಹೊಸಬರು 48-16 ಇಟ್ಟುಕೊಂಡು ಬರುತ್ತಾರೆ. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಮೂರು ಸುತ್ತು, ಅಂದರೆ ಸುಮಾರು 6.3 ಮೀಟರ್ ದೂರ. ಸಮತಟ್ಟಿನಲ್ಲಿ ಮಜಾ. ಕಡಿದಾದ ಏರಿನಲ್ಲಿ ವೇಗ ಗಂಟೆಗೆ 10 ಕಿ.ಮೀ.ಗೆ ಇಳಿದರೆ ನಿಮಿಷಕ್ಕೆ ಬರೀ 26 ಸುತ್ತು. ಅಷ್ಟು ನಿಧಾನವಾಗಿ, ಅಷ್ಟು ಜೋರಾಗಿ ತುಳಿದರೆ ಮೊಣಕಾಲಿಗೆ ಪೆಟ್ಟು.

ನನ್ನ ಸಲಹೆ 44-17. ಗುಡ್ಡ ಜಾಸ್ತಿ ಇದ್ದರೆ 44-18. ಚಿಕ್ಕ ಗೇರ್ ಹಾಕಿದರೆ ಇಳಿಜಾರಿನಲ್ಲಿ ಕಾಲು ಇನ್ನೂ ವೇಗವಾಗಿ ತಿರುಗಬೇಕಲ್ವಾ ಎಂದು ಕೇಳುತ್ತಾರೆ. ಹೌದು, ತಿರುಗಬೇಕು. ಆದರೆ ಚಿಕ್ಕ ಗೇರ್‌ನಲ್ಲಿ ಕಾಲಿನಿಂದ ತಡೆಯುವುದೂ ಸುಲಭ. ದೊಡ್ಡ ಗೇರ್‌ನಲ್ಲಿ ವೇಗ ಏರುತ್ತಾ ಹೋಗುವುದು ಕಾಲಿಗೆ ತಡವಾಗಿ ಗೊತ್ತಾಗುತ್ತದೆ.

ಹಿಂದಿನ ಚಕ್ರದ ನಡುವಿನ ಹಬ್‌ನ ಎರಡೂ ಬದಿಗೆ ಹಲ್ಲುಚಕ್ರ ಕೂರಿಸುವ ವ್ಯವಸ್ಥೆ ಇದ್ದರೆ ಒಂದು ಬದಿಗೆ 17, ಇನ್ನೊಂದಕ್ಕೆ 19 ಹಾಕಿಡಿ. ಗುಡ್ಡದ ಬುಡದಲ್ಲಿ ಚಕ್ರ ಬಿಚ್ಚಿ ತಿರುಗಿಸಿ ಹಾಕಿದರೆ ಆಯಿತು. ಇದೇನೂ ಹೊಸ ಉಪಾಯವಲ್ಲ. ಟೂರ್ ಡಿ ಫ್ರಾನ್ಸ್‌ನಲ್ಲಿ ಗೇರ್ ಬದಲಿಸುವ ಡಿರೈಲರ್‌ಗೆ ಎಲ್ಲ ಸವಾರರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮೊದಲು ಸವಾರರು ಬೆಟ್ಟದ ಕೆಳಗೆ ಇಳಿದು ಹಿಂದಿನ ಚಕ್ರವನ್ನೇ ತಿರುಗಿಸಿ ಹಾಕಿಕೊಳ್ಳುತ್ತಿದ್ದರು.

ಹಂತ 3: ಹೊರಡುವ ಮೊದಲು

ಚೈನ್‌ನ ನಡುಭಾಗ ಮೇಲೆ ಕೆಳಗೆ ಒಂದು ಸೆಂಟಿಮೀಟರ್‌ನಷ್ಟು ಆಡಬೇಕು. ಪೆಡಲ್ ಒಂದು ಸುತ್ತು ತಿರುಗಿಸುತ್ತಾ ನೋಡಿ, ಒಂದು ಕಡೆ ಬಿಗಿ ಜಾಸ್ತಿ ಇರುತ್ತದೆ. ಆ ಬಿಗಿಯಾದ ಕಡೆಯ ಲೆಕ್ಕ ಹಿಡಿಯಿರಿ. ಸಡಿಲ ಬಿಟ್ಟರೆ ಇಳಿಜಾರಿನಲ್ಲಿ ಚೈನ್ ಕಳಚುತ್ತದೆ. ಚೈನ್ ಸಿಕ್ಕಿಕೊಂಡರೆ ಹಿಂದಿನ ಚಕ್ರವೂ ಅಲ್ಲೇ ನಿಲ್ಲುತ್ತದೆ.

ಹಿಂದಿನ ಹಲ್ಲುಚಕ್ರ ತುಳಿದಷ್ಟೂ ಬಿಗಿಯಾಗುತ್ತದೆ. ಕಾಲಿನಿಂದ ಹಿಂದಕ್ಕೆ ಒತ್ತಿದಾಗ ಬಿಚ್ಚಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲೆಂದೇ ಹಲ್ಲುಚಕ್ರವನ್ನು ಹಿಡಿದಿಡುವ ಬಳೆಗೆ, ಅಂದರೆ ಲಾಕ್ ರಿಂಗ್‌ಗೆ, ಉಲ್ಟಾ ತಿರುಪು ಇರುತ್ತದೆ. ಎಡಕ್ಕೆ ತಿರುಗಿಸಿದರೆ ಬಿಗಿ. ಇದು ಗೊತ್ತಿಲ್ಲದೆ ಬಿಗಿ ಮಾಡಲು ಹೋಗಿ ಬಿಚ್ಚಿಟ್ಟವರು ಬೇಕಾದಷ್ಟು ಜನ. ಮೊದಲ ಸಲ ಗುಡ್ಡ ಹತ್ತಿ ಬಂದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ, ಹಲ್ಲುಚಕ್ರ ಇನ್ನಷ್ಟು ಒಳಕ್ಕೆ ಕೂತಿರುತ್ತದೆ. ಮಾಮೂಲಿ ಫ್ರೀವೀಲ್ ಹಬ್‌ಗೆ ಹಲ್ಲುಚಕ್ರ ತಿರುಗಿಸಿ, ಅಂಟು ಹಾಕಿ, ಲಾಕ್ ರಿಂಗ್ ಇಲ್ಲದೆ ಓಡಿಸುವ ಅಡ್ಡದಾರಿಯೊಂದಿದೆ. ದುಡ್ಡು ಉಳಿಯುತ್ತದೆ. ಇಳಿಜಾರಿನಲ್ಲಿ ಅದು ಬಿಚ್ಚಿಕೊಂಡರೆ ಕಾಲಿನ ಹಿಡಿತ ಪೂರ್ತಿ ಹೋಗುತ್ತದೆ.

ಪಾದ ಪೆಡಲ್‌ಗೆ ಕಟ್ಟಿರಲೇಬೇಕು. ಅಗಲವಾದ ಪಟ್ಟಿ ಒಳ್ಳೆಯದು. ಅಗ್ಗದ ಪ್ಲಾಸ್ಟಿಕ್ ಕ್ಲಿಪ್ ಮುರಿಯುವುದು ಅದರ ಮೇಲೆ ಬಲ ಬಿದ್ದಾಗಲೇ. ಶೂ ಲೇಸ್ ಒಳಗೆ ಸಿಕ್ಕಿಸಿ, ಪ್ಯಾಂಟಿನ ಅಂಚು ಮಡಚಿ. ಬಟ್ಟೆ ಚೈನ್‌ಗೆ ಸಿಕ್ಕರೆ ಈ ಸೈಕಲ್‌ನಲ್ಲಿ ಕಾಲು ನಿಲ್ಲಿಸಿ ಬಿಡಿಸಿಕೊಳ್ಳಲು ಆಗುವುದಿಲ್ಲ.

ಹಂತ 4: ಏರು

ಬುಡಕ್ಕೆ ಬರುವ ಮೊದಲೇ ಸ್ವಲ್ಪ ವೇಗ ಕೂಡಿಸಿಕೊಳ್ಳಿ. ಕಡಿದಾದ ಕಡೆ ಎದ್ದು ನಿಂತು ತುಳಿಯಿರಿ. ನಿಮಿಷಕ್ಕೆ 40 ಸುತ್ತಿಗಿಂತ ಕೆಳಗೆ ಬಂದು ಮೊಣಕಾಲು ನೋಯತೊಡಗಿದರೆ ಇಳಿದು ತಳ್ಳಿ. ಅಷ್ಟೇ.

ಹಂತ 5: ಇಳಿಜಾರು

ತುದಿ ಮುಟ್ಟಿದ ಕೂಡಲೇ ಹುರುಪಿನಿಂದ ಕೆಳಗೆ ನುಗ್ಗಬೇಡಿ. ಪಟ್ಟಿ ಬಿಗಿಯಾಗಿದೆಯಾ ನೋಡಿ, ಕೈ ಬ್ರೇಕ್ ಮೇಲಿಡಿ, ನಿಧಾನವಾಗಿ ಶುರು ಮಾಡಿ. ವೇಗ ಏರಿದ ಮೇಲೆ ತಗ್ಗಿಸುವುದು ಕಷ್ಟ, ಏರಗೊಡದೆ ಇಟ್ಟುಕೊಳ್ಳುವುದು ಸುಲಭ. 44-17ರಲ್ಲಿ ಗಂಟೆಗೆ 40 ಕಿ.ಮೀ. ಎಂದರೆ ಪೆಡಲ್ ನಿಮಿಷಕ್ಕೆ ಸುಮಾರು 123 ಸುತ್ತು, ಸೆಕೆಂಡಿಗೆ ಎರಡರ ಮೇಲೆ. ಸಮತಟ್ಟು ರಸ್ತೆಯಲ್ಲಿ ನೀವು ಎಷ್ಟು ವೇಗವಾಗಿ ಕಾಲು ತಿರುಗಿಸಬಲ್ಲಿರಿ ಎಂದು ಮೊದಲೇ ನೋಡಿಕೊಂಡಿರಿ. ಇಳಿಜಾರಿನಲ್ಲಿ ಅದಕ್ಕಿಂತ ಕೆಳಗೇ ಇರಿ.

ಬಹುತೇಕರು ಕೆಡುವುದು ಹೀಗೆ. ವೇಗ ಹೆಚ್ಚಿದ್ದು ಕಂಡು ಹೆದರುತ್ತಾರೆ. ಹೆದರಿಕೆಗೆ ಕಾಲು ಸೆಟೆಯುತ್ತದೆ. ಸೆಟೆದ ಕಾಲು ಪೆಡಲ್ ಜೊತೆ ಹೋಗದೆ ಅದರ ವಿರುದ್ಧ ಒತ್ತುತ್ತದೆ. ಆಗ ಸೊಂಟ ಸೀಟಿನ ಮೇಲೆ ಕುಪ್ಪಳಿಸತೊಡಗುತ್ತದೆ. ಕುಪ್ಪಳಿಸಿದರೆ ಹ್ಯಾಂಡಲ್ ಅಲ್ಲಾಡುತ್ತದೆ, ಇನ್ನಷ್ಟು ಹೆದರಿಕೆ. ಇದನ್ನು ಬಿಡಿಸಲು ಮೊದಲು ಮಾಡಬೇಕಾದ್ದು ಪಾದ ಸಡಿಲ ಬಿಡುವುದು. ಹಿಮ್ಮಡಿಯನ್ನು ಕೆಳಗೆ ಒತ್ತಬೇಡಿ. ತುಳಿಯುವ ಯೋಚನೆಯನ್ನೇ ಬಿಟ್ಟು, ಪೆಡಲ್ ಮೇಲೆ ಬರುವಾಗ ಆ ಪಾದವನ್ನು ಹಗುರ ಮಾಡುವುದರ ಮೇಲೆ ಗಮನ ಇಡಿ. ಸೀಟಿನ ಮೇಲೆ ಸ್ವಲ್ಪ ಹಿಂದಕ್ಕೆ ಸರಿದು ಕೂರಿ. ಭುಜ, ಮೊಣಕೈ ಸಡಿಲ. ಜೊತೆಗೇ ಬ್ರೇಕ್ ಒತ್ತಿ.

ಬ್ರೇಕ್ ಒತ್ತುವುದಕ್ಕೂ ಒಂದು ಕ್ರಮ ಇದೆ. ಉದ್ದದ ಇಳಿಜಾರಿನಲ್ಲಿ ಒಂದೇ ಸಮನೆ ಹಿಡಿದುಕೊಂಡೇ ಇದ್ದರೆ ರಿಮ್ ಕಾಯುತ್ತದೆ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಸ್ವಲ್ಪ ಏರಿದರೆ ಮತ್ತೆ ಒತ್ತಿ. ಕಾಲಿನ ತಡೆ ಇದರ ಮೇಲಿನ ಸಣ್ಣ ಹೊಂದಾಣಿಕೆಗೆ ಮಾತ್ರ. ಹಿಂದಿನಿಂದ ಮೇಲೆ ಬರುವ ಪೆಡಲ್ಲನ್ನು ಮೆಲ್ಲಗೆ ಅದುಮಿದರೆ ಸಾಕು. ಇಳಿಜಾರಿನ ಉದ್ದಕ್ಕೂ ಕಾಲಿನಿಂದಲೇ ತಡೆಯಲು ಹೊರಟರೆ ಅರ್ಧ ದಾರಿಯಲ್ಲೇ ತೊಡೆ ನಡುಗುತ್ತದೆ.

ಏನೇ ಆದರೂ ಪಾದ ಪೆಡಲ್‌ನಿಂದ ತೆಗೆಯಬೇಡಿ. ಕಾಲು ಅಗಲಿಸಿ ಪೆಡಲ್ಲನ್ನು ತಿರುಗಲು ಬಿಟ್ಟು ಹೋಗುವ ಹುಡುಗರನ್ನು ನೋಡಿದ್ದೇನೆ. ಆ ವೇಗದಲ್ಲಿ ಮತ್ತೆ ಪಾದ ಇಡಲು ಹೋದರೆ ಪೆಡಲ್ ಮೊಣಕಾಲಿನ ಕೆಳಗಿನ ಮೂಳೆಗೇ ಬಡಿಯುತ್ತದೆ.

ತಿರುವಿನಲ್ಲಿ ಇನ್ನೊಂದು ತೊಂದರೆ. ಬೇರೆ ಸೈಕಲ್‌ನಲ್ಲಿ ಒಳಗಿನ ಪೆಡಲ್ ಮೇಲಿಟ್ಟು ವಾಲಬಹುದು. ಇಲ್ಲಿ ಪೆಡಲ್ ನಿಲ್ಲುವುದಿಲ್ಲ, ಜಾಸ್ತಿ ವಾಲಿದರೆ ನೆಲಕ್ಕೆ ತಾಗಿ ಚಕ್ರವನ್ನೇ ಎತ್ತಿ ಹಾಕುತ್ತದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ಸೈಕಲ್ ನೆಟ್ಟಗಿಟ್ಟು ಮೈ ಮಾತ್ರ ಒಳಕ್ಕೆ ವಾಲಿಸಿ. ಪೆಡಲ್ ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, 165 ಮಿ.ಮೀ.ಗಿಂತ ಉದ್ದ ಬೇಡ.

ಚಕ್ರ ಲಾಕ್ ಮಾಡಿ ಜಾರಿಸಿ ನಿಲ್ಲಿಸುವುದನ್ನು ನೋಡಲು ಚೆಂದ. ಅದರಿಂದ ಸೈಕಲ್ ಬೇಗ ನಿಲ್ಲುವುದಿಲ್ಲ, ಟೈರ್ ಮಾತ್ರ ಬೇಗ ಸವೆಯುತ್ತದೆ. 48-16ರಲ್ಲಂತೂ ಪ್ರತಿ ಸಲ ಒಂದೇ ಕಾಲು ಮುಂದಿಟ್ಟು ಲಾಕ್ ಮಾಡಿದರೆ ಟೈರ್‌ನ ಒಂದೇ ಜಾಗ ರಸ್ತೆಗೆ ಉಜ್ಜುತ್ತದೆ. 44-17ರಲ್ಲಿ ಅದು 17 ಕಡೆ ಹಂಚಿಹೋಗುತ್ತದೆ. ಆದರೂ ಬೇಡ.

ಹಂತ 6: ಮಳೆ

ಬಹಳ ಹೊತ್ತು ಒಣಗಿದ್ದ ರಸ್ತೆಗೆ ಮಳೆ ಬಿದ್ದ ಶುರುವಿನಲ್ಲೇ ಜಾರುವುದು ಜಾಸ್ತಿ. ಎಣ್ಣೆ, ಧೂಳು ಎಲ್ಲ ಮೇಲೆ ಬಂದಿರುತ್ತದೆ. ಸಾಧ್ಯವಾದರೆ ಆ ಹೊತ್ತು ಎಲ್ಲಾದರೂ ನಿಲ್ಲಿ.

ರಿಮ್ ಒದ್ದೆಯಾದಾಗ ಬ್ರೇಕ್ ಒತ್ತಿದರೂ ಮೊದಲು ಏನೂ ಆಗುವುದಿಲ್ಲ. ರಬ್ಬರ್ ನೀರು ಒರೆಸಿದ ಮೇಲೆ ತಟ್ಟನೆ ಹಿಡಿಯುತ್ತದೆ. ಆ ಗಾಬರಿಯಲ್ಲಿ ಇನ್ನೂ ಜೋರಾಗಿ ಒತ್ತಿದ್ದರೆ ಮುಂದಿನ ಚಕ್ರ ಜಾರಿತು ಎಂದೇ ಲೆಕ್ಕ. ನಿಲ್ಲಿಸಬೇಕಾದ ಜಾಗಕ್ಕೆ ಬಹಳ ಮೊದಲೇ ಬ್ರೇಕ್ ಮೆಲ್ಲಗೆ ತಾಗಿಸಿ ರಿಮ್ ಒರೆಸಿಕೊಳ್ಳಿ. ರಸ್ತೆಯ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಒದ್ದೆ ಎಲೆ ಸಿಕ್ಕರೆ ನೆಟ್ಟಗೆ ದಾಟಿ. ಅಲ್ಲಿ ಬ್ರೇಕೂ ಬೇಡ, ಕಾಲಿನ ತಡೆಯೂ ಬೇಡ. ಒದ್ದೆ ಏರಿನಲ್ಲಿ ಕೂತೇ ತುಳಿಯಿರಿ, ಎದ್ದರೆ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಟೈರ್ 28 ಮಿ.ಮೀ. ಇರಲಿ, ಗಾಳಿ ಮಾಮೂಲಿಗಿಂತ ಸ್ವಲ್ಪ ಕಡಿಮೆ.

ಫಿಕ್ಸೆಡ್ ಗೇರ್‌ನ ನಿಜವಾದ ಸುಖ ಗೊತ್ತಾಗುವುದೂ ಮಳೆಯಲ್ಲೇ. ಹಿಂದಿನ ಚಕ್ರದ ಹಿಡಿತ ಸಡಿಲವಾದ ಕ್ಷಣವೇ ಪಾದಕ್ಕೆ ಗೊತ್ತಾಗುತ್ತದೆ. ಫ್ರೀವೀಲ್‌ನಲ್ಲಿ ತುಳಿಯದೆ ಹೋಗುವಾಗ ಆ ಸುಳಿವು ಸಿಗುವುದಿಲ್ಲ.

ಗಾಳಿಯ ಬಗ್ಗೆ ಒಂದೇ ಮಾತು. ಎದುರುಗಾಳಿಯನ್ನು ಏರು ಎಂದುಕೊಳ್ಳಿ, ಬೆನ್ನಿಗೆ ಬೀಸುವ ಗಾಳಿಯನ್ನು ಇಳಿಜಾರು ಎಂದುಕೊಳ್ಳಿ.

ಹಂತ 7: ಮನೆಗೆ ಬಂದ ಮೇಲೆ

ಮಳೆಯಲ್ಲಿ ನೆನೆದ ಚೈನನ್ನು ಅದೇ ದಿನ ಒರೆಸಿ ಎಣ್ಣೆ ಬಿಡಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅದನ್ನೇ ಎಣ್ಣೆ ಅಂದುಕೊಳ್ಳಬೇಡಿ, ಒಂದೇ ಮಳೆಗೆ ತೊಳೆದುಹೋಗುತ್ತದೆ. ಒರೆಸುವಾಗ ಬಹಳ ಹುಷಾರು. ಚಕ್ರ ಎತ್ತಿ ಜೋರಾಗಿ ತಿರುಗಿಸಿ, ತಿರುಗುತ್ತಿರುವ ಚೈನ್‌ಗೆ ಬಟ್ಟೆ ಹಿಡಿಯುವ ಅಭ್ಯಾಸ ಬೇರೆ ಸೈಕಲ್‌ನಿಂದ ಬಂದಿರುತ್ತದೆ. ಇಲ್ಲಿ ಬಟ್ಟೆ ಸಿಕ್ಕರೆ ಅದರ ಹಿಂದೆಯೇ ಬೆರಳೂ ಹಲ್ಲುಚಕ್ರದೊಳಗೆ ಹೋಗುತ್ತದೆ, ಚಕ್ರದ ವೇಗ ಚೈನನ್ನು ನಿಲ್ಲಲು ಬಿಡುವುದಿಲ್ಲ. ಬೆರಳು ಕಳೆದುಕೊಂಡವರಿದ್ದಾರೆ. ಚಕ್ರ ನಿಲ್ಲಿಸಿ, ಎರಡೂ ಹಲ್ಲುಚಕ್ರಗಳ ನಡುವಿನ ಚೈನ್ ತುಂಡನ್ನಷ್ಟೇ ಒರೆಸಿ. ಕೈ ತೆಗೆದು ಪೆಡಲ್ ಸ್ವಲ್ಪ ತಿರುಗಿಸಿ, ನಿಂತ ಮೇಲೆ ಮುಂದಿನ ತುಂಡು ಒರೆಸಿ.