ಹಗಲಲ್ಲಿ ಸಾಗುವ ಹಡಗನ್ನೇ ಹುಡುಕಿ: ಫ್ರಾನ್ಸ್‌ನ ರೋನ್ ನದಿಯಲ್ಲಿ ಒಂದು ವಾರ ಕಳೆಯುವುದು ಹೇಗೆ?

ನದಿ ಹಡಗಿನ ಪ್ರವಾಸದ ಕರಪತ್ರಗಳಲ್ಲಿ ಕೋಣೆಯ ಚಿತ್ರ, ಊಟದ ಮೇಜು, ಸೂರ್ಯಾಸ್ತ ಎಲ್ಲವೂ ಇರುತ್ತವೆ. ಹಡಗು ಯಾವ ಹೊತ್ತಿನಲ್ಲಿ ನದಿಯ ಯಾವ ಭಾಗವನ್ನು ದಾಟುತ್ತದೆ ಎಂಬ ವಿವರ ಮಾತ್ರ ಇರುವುದಿಲ್ಲ. ಪ್ರವಾಸದ ಅರ್ಧ ಸುಖ ನಿಂತಿರುವುದು ಅದರ ಮೇಲೆಯೇ. ಬೆಟ್ಟದ ಇಳಿಜಾರಿನ ದ್ರಾಕ್ಷಿತೋಟಗಳನ್ನು ಹಡಗು ನಡುರಾತ್ರಿ ದಾಟಿಬಿಟ್ಟರೆ, ಅಷ್ಟು ದುಡ್ಡು ಕೊಟ್ಟು ನದಿಯ ಮೇಲೆ ಮಲಗಿ ಬಂದಂತಾಗುತ್ತದೆ. ಹಾಗಾಗಿ ಈ ಲೇಖನ ಹಡಗಿನ ಐಷಾರಾಮದ ಬಗ್ಗೆ ಕಡಿಮೆ, ನದಿಯ ಬಗ್ಗೆ ಹೆಚ್ಚು.

1. ಮೊದಲು ನದಿ, ಆಮೇಲೆ ಹಡಗು

ಫ್ರಾನ್ಸ್‌ನಲ್ಲಿ ದೊಡ್ಡ ಪ್ರವಾಸಿ ಹಡಗುಗಳು ಓಡಾಡುವ ನದಿಗಳು ಕೆಲವೇ. ಪ್ಯಾರಿಸ್‌ನಿಂದ ಸಮುದ್ರದ ಕಡೆಗೆ ಹೋಗುವ ಸೀನ್ ನದಿಯ ದಂಡೆಯಲ್ಲಿ ಚರ್ಚುಗಳು, ಕೋಟೆಗಳು ಬೇಕಾದಷ್ಟಿವೆ, ದ್ರಾಕ್ಷಿತೋಟಗಳಿಲ್ಲ. ಬೋರ್ಡೊ ಪಟ್ಟಣದ ಸುತ್ತ ಗರೋನ್ ಮತ್ತು ದೊರ್ದೋನ್ ನದಿಗಳು ಸೇರಿ ಜಿರೋಂದ್ ಅಳಿವೆಯಾಗುತ್ತವೆ. ಅಲ್ಲಿ ವೈನ್ ಇದೆ, ಸೇಂತ್ ಎಮಿಲಿಯೋನ್‌ನಂಥ ಚೆಂದದ ಊರಿದೆ. ಆದರೆ ಹಡಗು ಚಿಕ್ಕ ಪ್ರದೇಶದೊಳಗೇ ಹೋಗಿ ಬರುತ್ತದೆ, ಹೆಸರಾಂತ ತೋಟಗಳನ್ನು ನೋಡಲು ಬಸ್ಸು ಹತ್ತಬೇಕು. ಲುವಾರ್ ನದಿ ಆಳವಿಲ್ಲದ್ದು, ಮರಳುದಿಣ್ಣೆಗಳದ್ದು. ದೊಡ್ಡ ಹಡಗುಗಳಿಗೆ ಒಗ್ಗದು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ರೋನ್. ಸ್ವಿಟ್ಜರ್ಲೆಂಡಿನ ಹಿಮನದಿಯಲ್ಲಿ ಹುಟ್ಟಿ, ಜಿನೀವಾ ಸರೋವರ ಹಾದು, ಸುಮಾರು 812 ಕಿಲೋಮೀಟರ್ ಹರಿದು ಮೆಡಿಟರೇನಿಯನ್ ಸೇರುವ ನದಿ ಇದು. ಲಿಯೋನ್ ನಗರದಲ್ಲಿ ಸೋನ್ ನದಿ ಬಂದು ಕೂಡುತ್ತದೆ. ಅಲ್ಲಿಂದ ಅವಿನ್ಯೋನ್, ಆರ್ಲ್‌ವರೆಗೆ ಇಳಿಯುವ ದಾರಿಯಲ್ಲಿ ರೋಮನ್ನರ ಊರುಗಳು, ಪೋಪರ ಅರಮನೆ, ಹಡಗಿನ ಮೇಲಿಂದಲೇ ಕಾಣುವ ದ್ರಾಕ್ಷಿ ಬೆಟ್ಟಗಳು ಒಂದರ ಹಿಂದೊಂದು ಬರುತ್ತವೆ. ಸಾಮಾನ್ಯವಾಗಿ ಏಳು ರಾತ್ರಿಗಳ ಪ್ರವಾಸ. ಕೆಲವು ಹಡಗುಗಳು ಮೊದಲು ಸೋನ್ ನದಿಯಲ್ಲಿ ಉತ್ತರಕ್ಕೆ ಮಾಕೋನ್ ಅಥವಾ ಶಾಲೋನ್‌ವರೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಬರ್ಗಂಡಿ ಪ್ರಾಂತ್ಯದ ಬೋನ್ ಪಟ್ಟಣ ತೋರಿಸುತ್ತವೆ. ಅಂಥದ್ದು ಸಿಕ್ಕರೆ ಬಿಡಬೇಡಿ. ಬೋನ್‌ನಲ್ಲಿ 1443ರಲ್ಲಿ ಬರ್ಗಂಡಿಯ ಮಂತ್ರಿ ನಿಕೊಲಾ ರೊಲಾಂ ಬಡವರಿಗಾಗಿ ಕಟ್ಟಿಸಿದ ಆಸ್ಪತ್ರೆಯಿದೆ. ಬಣ್ಣಬಣ್ಣದ ಹೆಂಚುಗಳ ಅದರ ಛಾವಣಿಯೇ ನೋಡುವಂಥದ್ದು. ಆ ಸಂಸ್ಥೆಗೆ ದಾನವಾಗಿ ಬಂದ ತೋಟಗಳ ವೈನನ್ನು ಇಂದಿಗೂ ನವೆಂಬರ್ ತಿಂಗಳ ಮೂರನೇ ಭಾನುವಾರ ಹರಾಜು ಹಾಕುತ್ತಾರೆ.

2. ತಿಂಗಳು ಗೊತ್ತುಮಾಡಿಕೊಳ್ಳಿ

ಹಡಗುಗಳು ಓಡುವುದು ಹೆಚ್ಚುಕಡಿಮೆ ಮಾರ್ಚ್ ಕೊನೆಯಿಂದ ನವೆಂಬರ್‌ವರೆಗೆ. ಏಪ್ರಿಲ್‌ನಲ್ಲಿ ಬಳ್ಳಿಗಳು ಇನ್ನೂ ಚಿಗುರುತ್ತಿರುತ್ತವೆ; ಹಸಿರು ಬೆಟ್ಟ ನಿರೀಕ್ಷಿಸಿ ಹೋದವರಿಗೆ ಬೋಳು ಮೋಟುಗಳು ಕಾಣುತ್ತವೆ. ಜುಲೈ, ಆಗಸ್ಟ್‌ನಲ್ಲಿ ದಕ್ಷಿಣದ ಊರುಗಳು ಕಾದಿರುತ್ತವೆ, ಜನವೂ ಹೆಚ್ಚು. ಮೇ ಕೊನೆ, ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯವು. ಸೆಪ್ಟೆಂಬರ್‌ನಲ್ಲಿ ಕೊಯ್ಲು ನಡೆಯುತ್ತದೆ, ಇಳಿಜಾರಿನಲ್ಲಿ ಬೆನ್ನು ಬಾಗಿಸಿ ಗೊಂಚಲು ಕತ್ತರಿಸುವವರು ಕಾಣುತ್ತಾರೆ. ಲ್ಯಾವೆಂಡರ್ ಹೂವಿನ ಹೊಲ ನೋಡಲೇಬೇಕೆನ್ನುವವರು ಜೂನ್ ಮಧ್ಯದಿಂದ ಜುಲೈ ಮಧ್ಯದೊಳಗೆ ಹೋಗಬೇಕು.

ಯಾವ ತಿಂಗಳಾದರೂ ಗಾಳಿ ತಡೆಯುವ ಜಾಕೆಟ್ ಇರಲಿ. ಉತ್ತರದಿಂದ ಕಣಿವೆಗುಂಟ ನುಗ್ಗುವ ಮಿಸ್ತ್ರಾಲ್ ಗಾಳಿ, ಬಿಸಿಲಿದ್ದರೂ ಮೇಲಟ್ಟದಲ್ಲಿ ಕೂರಲು ಬಿಡುವುದಿಲ್ಲ.

3. ವೇಳಾಪಟ್ಟಿ ಕೇಳಿ ಪಡೆಯಿರಿ

ಇದು ಮುಖ್ಯ ಹಂತ. ಬುಕಿಂಗ್‌ಗೆ ಮುಂಚೆ ಏಜೆಂಟ್‌ಗಾಗಲಿ ಕಂಪನಿಗಾಗಲಿ ಎರಡು ಪ್ರಶ್ನೆ ಹಾಕಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಒಂದು: ವಿಯೆನ್‌ನಿಂದ ಟೂರ್ನೋನ್‌ವರೆಗಿನ ದಾರಿಯನ್ನು ಹಡಗು ಹಗಲಲ್ಲಿ ಸಾಗುತ್ತದೆಯೇ? (ಇದು ಆಸ್ಟ್ರಿಯಾದ ವಿಯೆನ್ನಾ ಅಲ್ಲ, ಲಿಯೋನ್‌ನ ದಕ್ಷಿಣಕ್ಕಿರುವ ರೋಮನ್ ಕಾಲದ ಪಟ್ಟಣ.) ಹೆಚ್ಚೆಂದರೆ ಅರ್ಧ ದಿನದ ದಾರಿ. ಆದರೆ ರೋನ್ ಕಣಿವೆಯ ಜೀವಾಳ ಅದೇ. ಕೆಳಮುಖವಾಗಿ ಹೋಗುವಾಗ ಬಲದಂಡೆಯಲ್ಲಿ ಮೊದಲು ಕೋತ್ ರೋತಿಯ ದ್ರಾಕ್ಷಿತೋಟಗಳು, ಅದಾದ ಮೇಲೆ ಕೋಂದ್ರಿಯೋದವು. ಬೆಟ್ಟ ಎಷ್ಟು ಕಡಿದಾಗಿದೆಯೆಂದರೆ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಣ್ಣು ನಿಲ್ಲಿಸಿದ್ದಾರೆ. ಯಂತ್ರ ಹತ್ತುವುದಿಲ್ಲ, ಎಲ್ಲವೂ ಕೈಗೆಲಸ. ರೋಮನ್ನರ ಕಾಲದಿಂದ ಇಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದಾರೆ. ಕೋತ್ ರೋತಿಯಲ್ಲಿ ಕಪ್ಪು ಸಿರಾ ದ್ರಾಕ್ಷಿ, ಕೋಂದ್ರಿಯೋದಲ್ಲಿ ಬಿಳಿಯ ವಿಯೋನಿಯೇ. ಕೊನೆಗೆ ಎಡದಂಡೆಯಲ್ಲಿ ಎರ್ಮಿತಾಜ್ ಬೆಟ್ಟ ಎದ್ದು ನಿಲ್ಲುತ್ತದೆ, ನೆತ್ತಿಯ ಮೇಲೊಂದು ಪುಟ್ಟ ಪ್ರಾರ್ಥನಾ ಮಂದಿರ. 13ನೇ ಶತಮಾನದಲ್ಲಿ ಧರ್ಮಯುದ್ಧದಿಂದ ಮರಳಿದ ಯೋಧನೊಬ್ಬ ಕತ್ತಿ ಕೆಳಗಿಟ್ಟು ಇಲ್ಲೇ ಏಕಾಂತವಾಸಿಯಾದನೆಂಬುದು ಐತಿಹ್ಯ.

ಎರಡು: ಬೊಲೆನ್ ಲಾಕ್ ದಾಟುವುದು ಎಷ್ಟು ಹೊತ್ತಿಗೆ? ಒಂದು ಕಾಲದಲ್ಲಿ ರೋನ್ ಭಾರೀ ಸೆಳವಿನ ನದಿ. 1933ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೋನ್ ಕಂಪನಿ ಅದಕ್ಕೆ ಅಣೆಕಟ್ಟು, ವಿದ್ಯುತ್ ಸ್ಥಾವರ, ಕಾಲುವೆಗಳನ್ನು ಕಟ್ಟಿ ಪಳಗಿಸಿತು. ಲಿಯೋನ್‌ನಿಂದ ಸಮುದ್ರದವರೆಗೆ 12 ಲಾಕ್‌ಗಳಿವೆ. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ಉದ್ದನೆಯ ಕಾಂಕ್ರೀಟ್ ತೊಟ್ಟಿ. ಹಡಗು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರನ್ನು ಕೆಳಗೆ ಬಿಡುತ್ತಾರೆ. ನೀರಿನ ಜೊತೆ ಹಡಗೂ ಇಳಿಯುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ತೊಟ್ಟಿಯ ಅಗಲ 12 ಮೀಟರ್, ಹಡಗಿನದು ಹನ್ನೊಂದು ಚಿಲ್ಲರೆ. ಅಂದರೆ ಕೈಚಾಚಿದರೆ ಗೋಡೆ. ಬೊಲೆನ್‌ನಲ್ಲಿ ಇಳಿತ ಸುಮಾರು 23 ಮೀಟರ್, ಫ್ರಾನ್ಸ್‌ನ ಅತಿ ಆಳದ ಲಾಕ್‌ಗಳಲ್ಲಿ ಒಂದು, 1952ರಲ್ಲಿ ಆರಂಭವಾದದ್ದು. ಹಸಿ ಗೋಡೆಗಳು ಎರಡೂ ಕಡೆ ಏರುತ್ತ ಹೋಗಿ ಆಕಾಶ ಒಂದು ಪಟ್ಟಿಯಷ್ಟೇ ಉಳಿಯುವುದನ್ನು ಮೇಲಟ್ಟದಲ್ಲಿ ನಿಂತು ನೋಡಬೇಕು. ಬೆಳಗಿನ ಜಾವವಾದರೂ ಸರಿ, ಅಲಾರಂ ಇಟ್ಟು ಏಳಿ.

4. ಕೋಣೆಗೆ ಜಾಸ್ತಿ ಸುರಿಯಬೇಡಿ

ಬಾಲ್ಕನಿ ಇರುವ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ದರದಲ್ಲಿ ದೊಡ್ಡ ಅಂತರವಿರುತ್ತದೆ. ಊರಿನ ಕಟ್ಟೆಗಳಲ್ಲಿ ಒಂದು ಹಡಗಿನ ಪಕ್ಕಕ್ಕೇ ಇನ್ನೊಂದನ್ನು ಕಟ್ಟುವುದು ರೂಢಿ. ಆಗ ಬಾಲ್ಕನಿಯಿಂದ ಕಾಣುವುದು ಪಕ್ಕದ ಹಡಗಿನ ಪರದೆ. ನೋಡುವುದೆಲ್ಲ ಮೇಲಟ್ಟದಿಂದ ನೋಡಿ, ಮಲಗಲು ಕೆಳಗಿನ ಕೋಣೆ ಸಾಕು. ಹಿಂಬದಿಯ ಕೋಣೆಗಳಿಗೆ ಎಂಜಿನ್ ಸದ್ದು ಕೇಳಿಸುತ್ತದೆ, ನಡುವಿನದು ಕೇಳಿ. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಲಿಫ್ಟ್ ಯಾವ ಯಾವ ಅಂತಸ್ತಿಗೆ ಹೋಗುತ್ತದೆ ಎಂದು ವಿಚಾರಿಸಿ. ನದಿಯಲ್ಲಿ ಸಮುದ್ರದ ಅಲೆಯಿಲ್ಲ, ವಾಂತಿ-ತಲೆಸುತ್ತಿನ ಭಯ ಬೇಡ.

ದರದಲ್ಲಿ ಬಸ್ಸಿನ ಪ್ರವಾಸಗಳು, ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್ ಸೇರಿವೆಯೇ ನೋಡಿ. ಒಬ್ಬರೇ ಹೋಗುವವರಿಗೆ ಹೆಚ್ಚುವರಿ ದರ ಬೀಳಬಹುದು. ಇಲ್ಲಿನ ಏಜೆಂಟ್ ಮೂಲಕ ವಿದೇಶಿ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡುವ ತೆರಿಗೆ, ಬೀಳುತ್ತದೆ. ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು, ರಸೀದಿ ಇಟ್ಟುಕೊಳ್ಳಿ.

5. ವೀಸಾ ಮತ್ತು ದಾರಿ

ಬೇಕಾಗಿರುವುದು ಫ್ರಾನ್ಸ್‌ನ ಷೆಂಗೆನ್ ವೀಸಾ. ಬೆಂಗಳೂರಿನ ವಿಎಫ್‌ಎಸ್ ವೀಸಾ ಅರ್ಜಿ ಕೇಂದ್ರದಲ್ಲಿ ಅರ್ಜಿ, ಬೆರಳಚ್ಚು ಎರಡೂ ಆಗುತ್ತವೆ. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಗೆ 15 ದಿನವಾದರೂ ಇರಬೇಕು. ಬೇಸಿಗೆಯಲ್ಲಿ ನೂಕುನುಗ್ಗಲು ಇರುವುದರಿಂದ ಎರಡು ಮೂರು ತಿಂಗಳು ಮುಂಚೆ ಹೋಗುವುದು ಕ್ಷೇಮ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ವಾಪಸಾದ ಮೇಲೂ ಪಾಸ್‌ಪೋರ್ಟ್ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಹಡಗಿನ ಬುಕಿಂಗ್ ಪತ್ರದ ಜೊತೆಗೆ, ಹಡಗು ಹತ್ತುವ ಮುಂಚಿನ ಮತ್ತು ಇಳಿದ ನಂತರದ ರಾತ್ರಿಗಳ ಹೋಟೆಲ್ ದಾಖಲೆಯೂ ಇರಲಿ. ಜನ ಮರೆಯುವುದು ಇದನ್ನೇ.

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಪ್ಯಾರಿಸ್‌ನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದೊಳಗಿಂದಲೇ ಲಿಯೋನ್‌ಗೆ ಟಿಜಿವಿ ಎಂಬ ಅತಿವೇಗದ ರೈಲು ಸಿಗುತ್ತದೆ, ಸುಮಾರು ಎರಡು ಗಂಟೆಯ ದಾರಿ. ಹಡಗು ಹೊರಡುವ ಹಿಂದಿನ ದಿನವೇ ಲಿಯೋನ್ ತಲುಪಿ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

6. ಊಟದ ಮಾತು ಮೊದಲೇ ಆಗಲಿ

ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ಬರೆದು ಕೊಡಬೇಕು: ಮಾಂಸ, ಮೀನು ಬೇಡ, ಮೊಟ್ಟೆ ಆಗುತ್ತದೋ ಇಲ್ಲವೋ, ಸೂಪಿಗೆ ಮಾಂಸದ ಸಾರು ಬಳಸಬಾರದು. ಬರೀ ಸಸ್ಯಾಹಾರಿ ಎಂದರೆ ಮೀನು ತಂದಿಡುವವರೂ ಇದ್ದಾರೆ. ಊರಿನ ಹೋಟೆಲುಗಳಲ್ಲಿ ‘ಪಾ ದ ವಿಯಾಂದ್, ಪಾ ದ ಪ್ವಾಸೋಂ’ ಅನ್ನಿ. ಮಾಂಸವಿಲ್ಲ, ಮೀನಿಲ್ಲ ಎಂದರ್ಥ. ಅದಕ್ಕೂ ಮೊದಲು ‘ಬೋಂಜೂರ್’ ಹೇಳುವುದನ್ನು ಮರೆಯಬೇಡಿ, ನಮಸ್ಕಾರವಿಲ್ಲದೆ ಮಾತು ಶುರುಮಾಡುವುದು ಅಲ್ಲಿ ಒರಟುತನ. ಬದನೆ, ಟೊಮೆಟೊ, ಕುಂಬಳ ಜಾತಿಯ ಕಾಯಿ ಹಾಕಿ ಬೇಯಿಸುವ ರಾತಾತೂಯ್, ಹಾಲು-ಕೆನೆಯಲ್ಲಿ ಬೆಂದ ಆಲೂಗೆಡ್ಡೆಯ ಗ್ರಾತಾಂ, ಮೇಕೆ ಹಾಲಿನ ಚೀಸ್, ಒಳ್ಳೆಯ ಬ್ರೆಡ್ ಇವುಗಳಲ್ಲಿ ಹೊಟ್ಟೆ ತುಂಬುತ್ತದೆ. ಆಲಿವ್ ಚಟ್ನಿಯಂತೆ ಕಾಣುವ ತಾಪೆನಾದ್‌ನಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ, ಎಚ್ಚರ. ಹಲವು ಚೀಸ್‌ಗಳಿಗೆ ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನವರು ಕೇಳಿಯೇ ತಿನ್ನಬೇಕು.

7. ಊರುಗಳಲ್ಲಿ ಏನು ನೋಡುವುದು, ಏನು ಬಿಡುವುದು

ಪ್ರತಿ ಊರಿನಲ್ಲೂ ಕಂಪನಿಯ ಬಸ್ಸು ಪ್ರವಾಸವಿರುತ್ತದೆ. ಎಲ್ಲಕ್ಕೂ ಹತ್ತಿದರೆ ನಿಧಾನದ ಪ್ರವಾಸ ಧಾವಂತವಾಗುತ್ತದೆ. ರೋನ್ ದಂಡೆಯ ಬಹುಪಾಲು ಊರುಗಳಲ್ಲಿ ಹಡಗು ಪಟ್ಟಣದ ಬುಡದಲ್ಲೇ ನಿಲ್ಲುವುದರಿಂದ ನಡೆದೇ ನೋಡಬಹುದು.

ಲಿಯೋನ್‌ಗೆ ಹೆಚ್ಚು ಸಮಯ ಕೊಡಿ. ಕ್ರಿಸ್ತಪೂರ್ವ 43ರಲ್ಲಿ ರೋಮನ್ನರು ಕಟ್ಟಿದ ಊರು, ಆಮೇಲೆ ಯುರೋಪಿನ ರೇಷ್ಮೆಯ ರಾಜಧಾನಿ. ಕ್ರ್ವಾ ರೂಸ್ ಗುಡ್ಡದಲ್ಲಿ ನೇಕಾರರ ಎತ್ತರದ ಮನೆಗಳಿವೆ; ಮನೆಗಳ ಒಳಗಿಂದಲೇ ಒಂದು ಬೀದಿಯಿಂದ ಇನ್ನೊಂದಕ್ಕೆ ದಾಟುವ ಓಣಿಗಳಿವೆ, ಅವನ್ನು ತ್ರಾಬೂಲ್ ಅನ್ನುತ್ತಾರೆ. ಕೂಲಿಗಾಗಿ ಈ ನೇಕಾರರು 1831ರಲ್ಲಿ, ಮತ್ತೆ 1834ರಲ್ಲಿ ದಂಗೆಯೆದ್ದರು. ದೊಡ್ಡಬಳ್ಳಾಪುರದ ಮಗ್ಗಗಳ ನೆತ್ತಿಯ ಮೇಲೆ ಕೂತು ವಿನ್ಯಾಸ ನೇಯಿಸುವ ಜಕಾರ್ಡ್ ಸಾಧನ ಹುಟ್ಟಿದ್ದು ಈ ಊರಿನಲ್ಲಿ, 1804ರ ಸುಮಾರಿಗೆ, ಜೋಸೆಫ್ ಮರೀ ಜಕಾರ್ ಕೈಯಲ್ಲಿ. ಮೇಜೋಂ ದೇ ಕಾನ್ಯು ಎಂಬ ನೇಕಾರರ ಸಂಗ್ರಹಾಲಯದಲ್ಲಿ ಆ ಮಗ್ಗ ಓಡಿಸಿ ತೋರಿಸುತ್ತಾರೆ. ರೇಷ್ಮೆ ಸೀರೆಯ ನಾಡಿನಿಂದ ಹೋದವರು ಇದನ್ನು ನೋಡದೆ ಬರಬಾರದು.

ಟೂರ್ನೋನ್ ಒಂದು ದಂಡೆಯಲ್ಲಿ, ಟ್ಯಾಂ ಲೆರ್ಮಿತಾಜ್ ಇನ್ನೊಂದರಲ್ಲಿ. ನಡುವೆ 1847ರ ತೂಗುಸೇತುವೆ ಇದೆ, ನಡೆದು ದಾಟಿ. ಅದನ್ನು ಕಟ್ಟಿದ ಎಂಜಿನಿಯರ್ ಮಾರ್ಕ್ ಸೆಗ್ಯಾಂ 1825ರಲ್ಲೇ ಇಲ್ಲೊಂದು ತೂಗುಸೇತುವೆ ಕಟ್ಟಿದ್ದ, ಅದು ಈಗಿಲ್ಲ. ವಿವಿಯೇ ಎಂಬುದು ಸಣ್ಣ ಊರು, ಸಂಜೆ ಸುಮ್ಮನೆ ಹತ್ತಿ ಇಳಿಯಲು ಸರಿ.

ಅವಿನ್ಯೋನ್‌ನಲ್ಲಿ 1309ರಿಂದ 1377ರವರೆಗೆ ಪೋಪರು ನೆಲೆಸಿದ್ದರು. ಕೋಟೆಯಂಥ ಅವರ ಅರಮನೆಗೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ನದಿಯ ಅರ್ಧಕ್ಕೇ ನಿಂತ ಸೇಂಟ್ ಬೆನೆಜೆ ಸೇತುವೆಗೆ ಒಮ್ಮೆ 22 ಕಮಾನುಗಳಿದ್ದವು, ಪ್ರವಾಹಗಳು ಉಳಿಸಿದ್ದು ನಾಲ್ಕನ್ನು. ಇಲ್ಲಿಂದ ಬಸ್ಸು ಹತ್ತುವುದಾದರೆ ವೈನಿಗೆ ಹೆಸರಾದ ಶಾತೊನೆಫ್ ದ್ಯು ಪಾಪ್‌ಗೆ ಹತ್ತಿ. ಆ ತೋಟಗಳಲ್ಲಿ ಮಣ್ಣೇ ಕಾಣದಷ್ಟು ದುಂಡು ಕಲ್ಲುಗಳು, ಹಿಂದೆಂದೋ ರೋನ್ ನದಿ ಉರುಳಿಸಿ ತಂದು ಬಿಟ್ಟವು. ಹಗಲೆಲ್ಲ ಕಾದು, ಒಲೆ ಆರಿಸಿದ ಮೇಲಿನ ಕಾವಲಿಯಂತೆ ರಾತ್ರಿಯೂ ಬಳ್ಳಿಗೆ ಬಿಸಿ ಕೊಡುತ್ತವೆ.

ಆರ್ಲ್‌ನಲ್ಲಿ ಸುಮಾರು 20,000 ಜನ ಕೂರುತ್ತಿದ್ದ ರೋಮನ್ ಬಯಲು ಕ್ರೀಡಾರಂಗವಿದೆ (ಆಂಫಿಥಿಯೇಟರ್). ಮಧ್ಯಯುಗದಲ್ಲಿ ಅದರೊಳಗೇ ಮನೆಗಳು ಎದ್ದು ಒಂದು ಊರೇ ಆಗಿತ್ತು. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1888ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂದ, ‘ರೋನ್ ಮೇಲಿನ ನಕ್ಷತ್ರದ ರಾತ್ರಿ’ ಚಿತ್ರವನ್ನು ಆ ಸೆಪ್ಟೆಂಬರ್‌ನಲ್ಲಿ ಬರೆದ. ಅವನಿದ್ದ ಹಳದಿ ಮನೆ ಎರಡನೇ ಮಹಾಯುದ್ಧದ ಬಾಂಬಿಗೆ ಹೋಯಿತು. ಶನಿವಾರ ಅಲ್ಲಿದ್ದರೆ ಸಂತೆಗೆ ಹೋಗಿ, ಪಕ್ಕದ ಕಮಾರ್ಗ್ ಜೌಗಿನಲ್ಲಿ ಬೆಳೆದ ಕೆಂಪಕ್ಕಿ ಕೊಳ್ಳಿ. ಫ್ರಾನ್ಸ್‌ನ ಅಕ್ಕಿ ಬರುವುದು ಅಲ್ಲಿಂದಲೇ.

8. ವೈನ್ ರುಚಿ ನೋಡುವ ಕ್ರಮ

ಲೋಟವನ್ನು ಅದರ ಕಾಂಡದಲ್ಲಿ ಹಿಡಿಯಿರಿ, ಬಿಳಿ ಕಾಗದದ ಎದುರು ಬಣ್ಣ ನೋಡಿ, ಮೆಲ್ಲಗೆ ತಿರುಗಿಸಿ ಮೂಸಿ. ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ, ಪಕ್ಕದ ಪಾತ್ರೆಗೆ ಉಗುಳಿ. ಉಗುಳುವುದು ಅಲ್ಲಿ ಅವಮರ್ಯಾದೆಯಲ್ಲ, ಕಸುಬಿನವರು ಮಾಡುವುದೇ ಹಾಗೆ. ಬಿಳಿ ಮೊದಲು, ಕೆಂಪು ನಂತರ. ಸಿರಾದಲ್ಲಿ ಕಾಳುಮೆಣಸಿನ ವಾಸನೆ ಸಿಕ್ಕರೆ ನಿಮ್ಮ ಮೂಗು ಸರಿಯಾಗಿದೆ. ನಂದಿ ಬೆಟ್ಟದ ಕಡೆ ಶಿರಾಜ್ ಎಂದು ಬೆಳೆಯುವುದೂ ಇದೇ ದ್ರಾಕ್ಷಿಯನ್ನು. ಕುಡಿಯದವರೂ ತೋಟಕ್ಕೆ ಹೋಗಬೇಕು. ನೆಲಮಾಳಿಗೆಯ ತಂಪು, ಓಕ್ ಪೀಪಾಯಿಗಳ ಸಾಲು, ಮಣ್ಣಿನ ಬಗ್ಗೆ ಅವರು ಮಾತಾಡುವ ರೀತಿ ಎಲ್ಲರಿಗೂ ಸೇರಿದ್ದು. ಟ್ಯಾಂನಲ್ಲಿ 1922ರಿಂದ ಚಾಕೊಲೇಟ್ ಮಾಡುತ್ತಿರುವ ವಾಲ್ರೋನಾ ಕಂಪನಿಯೂ ಇದೆ, ಮಕ್ಕಳಿದ್ದರೆ ಅದು ನೆನಪಿರಲಿ. ಊರಿಗೆ ತರುವುದಾದರೆ ತಲಾ ಎರಡು ಲೀಟರ್‌ವರೆಗೆ ಸುಂಕವಿಲ್ಲ. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡಿ.

9. ನೀರು ಏರಿದರೆ, ದುಡ್ಡು ಸಾಲದಿದ್ದರೆ

ಮಳೆ ಹೆಚ್ಚಾಗಿ ನದಿ ಉಕ್ಕಿದರೆ ಹಡಗುಗಳನ್ನು ನಿಲ್ಲಿಸುತ್ತಾರೆ. ಆಗ ಕಂಪನಿಗಳು ಬಸ್ಸಿನಲ್ಲಿ ಊರುಗಳನ್ನು ತೋರಿಸುವುದುಂಟು. ಹಣ ವಾಪಸಿನ ಷರತ್ತು ಏನೆಂದು ಮುಂಗಡ ಕಟ್ಟುವ ಮೊದಲೇ ಓದಿ.

ಹಡಗಿನ ದರ ಕೈಗೆಟುಕದವರು ಈ ಕಣಿವೆಯನ್ನು ಬಿಟ್ಟುಕೊಡಬೇಕಿಲ್ಲ. ಲಿಯೋನ್‌ನಿಂದ ಅವಿನ್ಯೋನ್‌ಗೆ ಟಿಇಆರ್ ಎಂಬ ಪ್ರಾದೇಶಿಕ ರೈಲು ಹೋಗುತ್ತದೆ. ವಿಯೆನ್, ಟ್ಯಾಂ, ವಾಲಾಂಸ್, ಮೋಂತೆಲಿಮಾರ್, ಒರಾಂಜ್‌ಗಳಲ್ಲಿ ನಿಲ್ಲುತ್ತದೆ. ಟ್ಯಾಂನಲ್ಲಿ ಎರಡು ರಾತ್ರಿ, ಅವಿನ್ಯೋನ್‌ನಲ್ಲಿ ಮೂರು ರಾತ್ರಿ ಉಳಿದುಕೊಂಡರೆ ಎರ್ಮಿತಾಜ್ ಬೆಟ್ಟವನ್ನು ಕಾಲ್ನಡಿಗೆಯಲ್ಲೇ ಹತ್ತಬಹುದು. ಸೈಕಲ್ ತುಳಿಯುವವರಿಗೆ ಜಿನೀವಾ ಸರೋವರದಿಂದ ಸಮುದ್ರದವರೆಗೆ ನದಿಯ ಜೊತೆಯಲ್ಲೇ ಸಾಗುವ ವಿಯಾರೋನಾ ಹಾದಿಯಿದೆ, 815 ಕಿಲೋಮೀಟರ್. ತೆಂಕಣಕ್ಕೆ ತುಳಿಯಿರಿ, ಮಿಸ್ತ್ರಾಲ್ ಬೆನ್ನಿಗಿರುತ್ತದೆ.